ರಯತರಿಂದ ವಿಷಯ ಸಂಗ್ರಹಿಸುವ ಕ್ರಮಗಳು

ಗ್ರಾಮಗಳ ಉಪಯೋಗಕ್ಕಾಗಿ ಏರ್ಪಡುವ ವ್ಯವಸ್ಥೆ ಯಾವುದೇ ಆಗಲಿ, ಅದನ್ನು ಉಪಯೋಗಿಸತಕ್ಕ ಜನರ ಸ್ಥಿತಿಗತಿಗಳನ್ನು ಮೊದಲು ವಿಚಾರಿಸಿ ತಿಳಿದುಕೊಂಡಲ್ಲದೆ ಅದು ಸಫಲವಾಗಲಾರದು. ಬಿತ್ತನೆ ಬೀಜದ ಹಂಚಿಕೆ, ಕೆರೆಯ ನೀರಿನ ಸರದಿ, ಪಹಣಿ, ಬೆಳೆ ವಿಮೆಯ ಲೆಕ್ಕ, ಗಣಕಯಂತ್ರದಲ್ಲಿಡುವ ದಾಖಲೆ, ಇವೆಲ್ಲಕ್ಕೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ. ಇಂಥ ಏರ್ಪಾಡಿನ ಅಂಗಾಂಗಗಳನ್ನು ಪರಿಶೀಲಿಸಿ, ಕೆಲಸವು ಎಲ್ಲಿ ನಿಲ್ಲುತ್ತದೆ, ಲೋಪವೆಲ್ಲಿದೆ, ಯಾರಿಗೆ ಏನು ಬೇಕು ಎಂಬುದನ್ನು ನಿಶ್ಚಯಿಸುವ ಶಾಸ್ತ್ರಕ್ಕೆ ವ್ಯವಸ್ಥಾ ವಿಶ್ಲೇಷಣೆಯೆಂದು ಹೆಸರು. ಇದರಲ್ಲಿ ಮೊದಲನೆಯ ಕೆಲಸವೂ ಅತಿ ಕಷ್ಟವಾದ ಕೆಲಸವೂ ಬಳಸುವವರಿಂದ ವಿಷಯ ಸಂಗ್ರಹಿಸುವುದು.

ವಿಷಯ ಸಂಗ್ರಹಕ್ಕೆ ಕ್ರಮಗಳು ಹಲವಾರು ಉಂಟು. ಒಂದೊಂದು ಕ್ರಮದಿಂದಲೂ ಒಂದೊಂದು ಬಗೆಯ ಸಂಗತಿ ಮಾತ್ರ ತಿಳಿದುಬರುತ್ತದೆ. ಉಳಿದದ್ದು ಮರೆಯಾಗಿಯೇ ಉಳಿಯುತ್ತದೆ. ಕೇಳುವವನು ತನ್ನ ಅನುಕೂಲವನ್ನೇ ನೋಡಿಕೊಂಡು ಕ್ರಮವನ್ನಾರಿಸಿದರೆ ನಷ್ಟವು ಅವನಿಗೆ ತಟ್ಟುವುದಿಲ್ಲ, ರಯತನಿಗೆ ತಟ್ಟುತ್ತದೆ. ಬೆಳೆ ಸಮೀಕ್ಷೆಯ ದಾಖಲೆಗೂ ವಿಮೆಯ ಅರ್ಜಿಗೂ ತಾಳೆಯಾಗದೆ ಹೋದಾಗ ಪರಿಹಾರವು ತಡೆಯಾಗುವುದುಂಟು. ಮಳೆ ಕೈಕೊಟ್ಟ ವರ್ಷದಲ್ಲಿ ಒಂದು ಕುಟುಂಬಕ್ಕೆ ಇದು ಸಣ್ಣ ವಿಷಯವಲ್ಲ. ಆದಕಾರಣ ಈ ಕ್ರಮಗಳ ಗುಣದೋಷಗಳನ್ನು ಗ್ರಾಮ ಪ್ರಮುಖರೂ ಜಮೀನುದಾರರೂ ತಿಳಿದಿರುವುದು ಅವಶ್ಯಕ.

೧. ಹಳೆಯ ದಾಖಲೆಗಳ ಪರಿಶೀಲನೆ

ಖರ್ಚು ಕಡಿಮೆಯಾದ ಕ್ರಮವೆಂದರೆ ಇರುವ ಕಾಗದಪತ್ರಗಳನ್ನು ಓದುವುದು. ಕರ್ನಾಟಕದಲ್ಲಿ ೨೦೦೦ದ ದಶಕದ ಆದಿಯಲ್ಲಿ ಜಾರಿಗೆ ಬಂದ ಭೂಮಿ ಯೋಜನೆಗೆ ಮುಂಚೆ ಸುಮಾರು ೯,೦೦೦ ಮಂದಿ ಗ್ರಾಮ ಲೆಕ್ಕಿಗರು ಪಹಣಿಗಳನ್ನು ಕೈಬರಹದಲ್ಲಿಯೇ ಇಟ್ಟಿದ್ದರು. ಸುಮಾರು ೬೭ ಲಕ್ಷ ಹಿಡುವಳಿದಾರರಿಗೆ ಸೇರಿದ ಸುಮಾರು ೨ ಕೋಟಿ ದಾಖಲೆಗಳು ೧೭೭ ತಾಲ್ಲೂಕುಗಳಲ್ಲಿ ಗಣಕಯಂತ್ರಕ್ಕೆ ಸೇರಿದುವು. ಇಷ್ಟು ದೊಡ್ಡ ಕೆಲಸವು ಹಳೆಯ ಪುಸ್ತಕಗಳ ಆಧಾರವಿಲ್ಲದೆ ನಡೆಯುವಂತಿರಲಿಲ್ಲ.

ಆದರೆ ಕಾಗದವು ಬರೆದವನಿಗೆ ಬೇಕಾದುದನ್ನು ಮಾತ್ರ ಹೇಳುತ್ತದೆ. ಪಹಣಿಯು ಕಂದಾಯಕ್ಕಾಗಿಯೂ ಹಕ್ಕಿಗಾಗಿಯೂ ಹುಟ್ಟಿದುದು. ತಂದೆಯು ಕಾಲವಾಗಿ ಮಕ್ಕಳು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು ಉಳುತ್ತಿದ್ದರೂ ಪುಸ್ತಕದಲ್ಲಿ ತಂದೆಯ ಹೆಸರೇ ಇರಬಹುದು. ವಾರಕ್ಕೆ ಮಾಡುವವನ ಹೆಸರು ಅದರಲ್ಲಿ ಕಾಣುವುದು ಅಪರೂಪ. ಪುಸ್ತಕದ ತಪ್ಪು ಯಂತ್ರಕ್ಕೆ ಹೋದ ಮಾತ್ರಕ್ಕೆ ತಿದ್ದುಪಾಟಾಗುವುದಿಲ್ಲ. ಅಚ್ಚುಕಟ್ಟಾದ ಅಕ್ಷರದಲ್ಲಿ ಬಂದುದರಿಂದ ಜನರು ಅದನ್ನು ಇನ್ನೂ ಹೆಚ್ಚಾಗಿ ನಂಬುವ ಅಪಾಯವುಂಟು. ಆದುದರಿಂದ ದಾಖಲೆಗಳಿಂದ ವಿಚಾರಣೆಯನ್ನು ಆರಂಭಿಸಬಹುದೇ ಹೊರತು ಅಲ್ಲಿಗೆ ಮುಗಿಸಬಾರದು.

೨. ಮುಖಾಮುಖಿ ವಿಚಾರಣೆ

ಎದುರಿಗೆ ಕುಳಿತು ಕೇಳುವ ಕ್ರಮವು ಈ ದೇಶಕ್ಕೆ ಹೊಸದಲ್ಲ. ೧೮೦೦-೧೮೦೧ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯ ಮೇರೆಗೆ ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರು ಸೀಮೆಗಳಲ್ಲಿ ಸಂಚರಿಸಿ, ಬೇಸಾಯ, ಕೈಗಾರಿಕೆ, ವ್ಯಾಪಾರಗಳ ವಿಷಯವಾಗಿ ಜನರನ್ನು ದುಭಾಷಿಗಳ ಮುಖಾಂತರ ವಿಚಾರಿಸಿದನು. ೧೮೦೭ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದ ಆ ವೃತ್ತಾಂತವು ಇಂದಿಗೂ ಉಪಯುಕ್ತವಾಗಿದೆ.

ಏತಕ್ಕೆ ಹಾಗೆ ಮಾಡುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಬೇಕಾದಾಗ ಮಾತುಕತೆಗಿಂತ ಉತ್ತಮವಾದ ಕ್ರಮವಿಲ್ಲ. ರಯತನು ಇಲಾಖೆಯ ಬೀಜವನ್ನು ಬಿಟ್ಟು ತನ್ನ ಮನೆಯ ಬೀಜವನ್ನೇ ಬಿತ್ತಿದರೆ ಅದಕ್ಕೆ ಕಾರಣ ಹುಲ್ಲಿನ ಎತ್ತರವೇ, ಹಿಟ್ಟಿನ ರುಚಿಯೇ, ಸಾಲದ ಭಯವೇ ಎಂಬುದು ಯಾವ ಪುಸ್ತಕದಲ್ಲಿಯೂ ಬರೆದಿರುವುದಿಲ್ಲ.

ಇದರ ದೋಷವು ಉತ್ತರ ಕೊಡುವವನ ಸಂಕೋಚದಲ್ಲಿದೆ. ಕಾಗದ ಹಿಡಿದು ಬಂದ ಅಧಿಕಾರಿಯನ್ನು ಕಂಡರೆ ಕಂದಾಯವೋ ಸಾಲ ವಸೂಲಿಯೋ ಎಂಬ ಶಂಕೆ ಹುಟ್ಟುವುದು ಸಹಜ. ಹುಟ್ಟುವಳಿಯನ್ನು ಕಡಿಮೆ ಹೇಳುವವರೂ, ಬಂದವರಿಗೆ ಸಂತೋಷವಾಗಲೆಂದು ಎಲ್ಲಕ್ಕೂ ಹೌದೆನ್ನುವವರೂ ಉಂಟು. ಯಜಮಾನನ ಮುಂದೆ ಆಳೂ, ಗಂಡನ ಮುಂದೆ ಹೆಂಡತಿಯೂ ಮನಸ್ಸು ಬಿಚ್ಚಿ ಮಾತನಾಡುವುದು ಕಷ್ಟ. ಆದಕಾರಣ ವಿಚಾರಣೆಯನ್ನು ಚಾವಡಿಯಲ್ಲಿ ಮಾಡುವುದಕ್ಕಿಂತ ಅವರವರ ಹೊಲದಲ್ಲಿಯೋ ಕಣದಲ್ಲಿಯೋ ಮಾಡುವುದು ಮೇಲು.

೩. ಪ್ರಶ್ನಾವಳಿ

ಸಾವಿರಾರು ಮಂದಿಯಿಂದ ಒಂದೇ ಬಗೆಯ ವಿಷಯ ಬೇಕಾದಾಗ ಅಚ್ಚಾದ ಪ್ರಶ್ನಾವಳಿಯು ಅನುಕೂಲ. ಉತ್ತರಗಳನ್ನು ಕೂಡಿ ಕಳೆದು ಲೆಕ್ಕ ಹಾಕಬಹುದು. ಆದರೆ ಪ್ರಶ್ನೆಯನ್ನು ಬರೆದವನಿಗೆ ತಿಳಿಯದಿದ್ದ ವಿಷಯವು ಅದರಲ್ಲಿ ಎಂದಿಗೂ ಬರುವುದಿಲ್ಲ. ಮೈಸೂರು ಸೀಮೆಯ ರಾಗಿ ಹೊಲವನ್ನೇ ತೆಗೆದುಕೊಳ್ಳಬಹುದು. ರಾಗಿಯ ನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಸಾಸುವೆ, ಹರಳು ಇವುಗಳನ್ನು ಹಾಕುವುದು ವಾಡಿಕೆ. ಪ್ರಶ್ನಾವಳಿಯಲ್ಲಿ ಬೆಳೆ ಎಂದು ಒಂದೇ ಮನೆಯಿದ್ದರೆ ರಯತನು ರಾಗಿಯೆಂದು ಬರೆಯಿಸಿ ಸುಮ್ಮನಾಗುತ್ತಾನೆ. ಮನೆಯ ಸಾರಿಗೂ ಎಣ್ಣೆಗೂ ಆಧಾರವಾದ ಬೆಳೆಗಳು ಲೆಕ್ಕದಿಂದಲೇ ಮಾಯವಾಗುತ್ತವೆ. ಆ ಲೆಕ್ಕವನ್ನು ನಂಬಿ ಕಳೆನಾಶಕ ಔಷಧವನ್ನು ಸಲಹೆ ಮಾಡಿದರೆ ಅಕ್ಕಡಿಗೆ ಹಾನಿಯಾಗುವ ಸಂಭವವುಂಟು.

ಅಳತೆಗಳ ವಿಷಯವೂ ಹಾಗೆಯೇ. ಕೊಳಗ, ಖಂಡುಗಗಳ ಪ್ರಮಾಣವು ಸೀಮೆಯಿಂದ ಸೀಮೆಗೆ ಬೇರೆ ಬೇರೆಯಾಗಿತ್ತು. ಇಂದು ಮೂಟೆಯೆಂದರೂ ಎಲ್ಲ ಕಡೆಯಲ್ಲಿಯೂ ತೂಕವೊಂದೇ ಅಲ್ಲ. ಎಷ್ಟು ಮೂಟೆ ಎಂದು ಕೇಳುವಾಗ ಒಂದು ಮೂಟೆಗೆ ಎಷ್ಟು ಕಿಲೋ ಎಂದೂ ಕೇಳಬೇಕು. ಪ್ರಶ್ನಾವಳಿಯನ್ನು ಅಚ್ಚು ಮಾಡಿಸುವುದಕ್ಕೆ ಮುಂಚೆ ಹತ್ತು ಮನೆಗಳಲ್ಲಿ ಓದಿಸಿ, ಜನರು ಎಲ್ಲಿ ತಡೆಯುತ್ತಾರೆಂಬುದನ್ನು ನೋಡಿ ತಿದ್ದುವುದು ಅಗತ್ಯ.

೪. ಪ್ರತ್ಯಕ್ಷ ನೋಟ ಮತ್ತು ಅಳತೆ

ಬಾಯಿಮಾತಿಗೂ ಕೈಕೆಲಸಕ್ಕೂ ಅಂತರವಿರುವ ಕಡೆ ಕಣ್ಣಾರೆ ನೋಡುವುದೇ ದಾರಿ. ಹಿಂದೆ ಬೆಳೆಯನ್ನು ಆಣೆವಾರಿಯಿಂದ ಗೊತ್ತುಮಾಡುತ್ತಿದ್ದರು. ಪೂರ್ಣ ಬೆಳೆಯನ್ನು ಹದಿನಾರಾಣೆಯೆಂದು ಭಾವಿಸಿ ಈ ವರ್ಷ ಎಂಟಾಣೆ, ಹತ್ತಾಣೆ ಎಂದು ಕಣ್ಣಂದಾಜಿನಿಂದ ಹೇಳುವುದು ಆ ಪದ್ಧತಿ. ಅಂದಾಜು ಮಾಡುವವನ ಮನಸ್ಸಿನ ಒಲವು ಅದರಲ್ಲಿ ಸೇರದೆ ಇರುತ್ತಿರಲಿಲ್ಲ. ಬಿಹಾರ್ ಮತ್ತು ಒರಿಸ್ಸಾ ಪ್ರಾಂತದಲ್ಲಿ ಜೆ. ಎ. ಹಬಕ್ ಎಂಬ ಅಧಿಕಾರಿಯು ೧೯೨೩ರಿಂದ ೧೯೨೫ರವರೆಗೆ ಬತ್ತದ ಗದ್ದೆಗಳಲ್ಲಿ ಯಾವ ಒಲವೂ ಇಲ್ಲದೆ ಆರಿಸಿದ ಸ್ಥಳಗಳ ಪೈರನ್ನು ಕೊಯ್ದು ತೂಗುವ ಕ್ರಮವನ್ನು ಪರೀಕ್ಷಿಸಿದರು. ತರುವಾಯ ಪಿ. ವಿ. ಸುಖಾತ್ಮೆಯವರು, ಕೊಯ್ಯುವ ತುಂಡು ತೀರ ಚಿಕ್ಕದಾದರೆ ಅಂಚಿನ ಗಿಡಗಳು ಒಳಗೆ ಸೇರಿಕೊಂಡು ಇಳುವರಿಯು ಇದ್ದುದಕ್ಕಿಂತ ಹೆಚ್ಚಾಗಿ ಕಾಣುತ್ತದೆಂದು ೧೯೪೬-೪೭ರಲ್ಲಿ ತೋರಿಸಿಕೊಟ್ಟರು. ಅಳತೆಯಲ್ಲಿಯೂ ದೋಷವಿರಬಹುದೆಂಬುದಕ್ಕೆ ಇದು ನಿದರ್ಶನ.

೨೦೧೬ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳ ಇಳುವರಿಯನ್ನು ನಿಶ್ಚಯಿಸುವುದಕ್ಕೆ ಬೆಳೆ ಕಟಾವು ಪ್ರಯೋಗವು ಒಂದು ಮುಖ್ಯ ಆಧಾರ. ಪಂಚಾಯಿತಿಯೊಂದರಲ್ಲಿ ನಾಲ್ಕಾರು ತುಂಡುಗಳ ತೂಕದ ಮೇಲೆ ಊರೆಲ್ಲರ ಪರಿಹಾರ ನಿಂತಿರುವಾಗ, ಆ ತುಂಡುಗಳನ್ನು ಚೆನ್ನಾಗಿ ಬಂದ ಹೊಲದಲ್ಲಾಗಲಿ ಒಣಗಿದ ಹೊಲದಲ್ಲಾಗಲಿ ಬೇಕೆಂದು ಆರಿಸಿದರೆ ಒಬ್ಬರಿಗಲ್ಲ, ಎಲ್ಲರಿಗೂ ಅನ್ಯಾಯ.

೫. ಎಲ್ಲರನ್ನೂ ಕೇಳಬೇಕೆ, ಕೆಲವರನ್ನು ಕೇಳಿದರೆ ಸಾಕೆ

ಎಲ್ಲರನ್ನೂ ಕೇಳುವುದು ನ್ಯಾಯವೆಂದು ತೋರಿದರೂ, ಅವಸರದಲ್ಲಿ ಲಕ್ಷ ಮಂದಿಯನ್ನು ಕೇಳುವುದಕ್ಕಿಂತ ಸರಿಯಾಗಿ ಆರಿಸಿದ ಕೆಲವರನ್ನು ಜಾಗರೂಕತೆಯಿಂದ ಕೇಳುವುದು ಹೆಚ್ಚು ಫಲಕಾರಿಯಾಗಬಹುದು. ಬಂಗಾಳದ ಸೆಣಬಿನ ಬೆಳೆಯ ವಿಷಯದಲ್ಲಿ ೧೯೩೭ರಿಂದ ೧೯೪೧ರವರೆಗೆ ಪ್ರೊಫೆಸರ್ ಪಿ. ಸಿ. ಮಹಲನೋಬಿಸರು ನಡೆಸಿದ ಸಮೀಕ್ಷೆಯು ಇದನ್ನು ಸ್ಪಷ್ಟಪಡಿಸಿತು. ಅವರು ಒಮ್ಮೆಗೇ ಪ್ರಾಂತವೆಲ್ಲಕ್ಕೂ ಕೈಹಾಕದೆ, ಮೊದಲು ಸಣ್ಣ ಪ್ರಮಾಣದ ಪರೀಕ್ಷಾರ್ಥ ಸಮೀಕ್ಷೆಗಳನ್ನು ನಡೆಸಿ, ಎಷ್ಟು ಕಾಲ ಹಿಡಿಯುತ್ತದೆ, ಎಷ್ಟು ಖರ್ಚಾಗುತ್ತದೆ, ತಪ್ಪು ಎಲ್ಲಿ ನುಸುಳುತ್ತದೆ ಎಂಬುದನ್ನು ಕಂಡುಕೊಂಡರು. ಒಂದೇ ಪ್ರದೇಶಕ್ಕೆ ಎರಡು ತಂಡಗಳನ್ನು ಬೇರೆ ಬೇರೆಯಾಗಿ ಕಳುಹಿಸಿ ಎರಡರ ಲೆಕ್ಕವನ್ನೂ ಹೋಲಿಸುವುದು ಅವರ ಕ್ರಮ. ಎರಡೂ ತಾಳೆಯಾದರೆ ಭರವಸೆ. ಆಗದಿದ್ದರೆ ದೋಷವುಂಟೆಂದು ಆಗಲೇ ತಿಳಿಯುತ್ತದೆ.

ಕೆಲವರನ್ನೇ ಕೇಳುವುದಾದರೆ ಆರಿಸುವುದರಲ್ಲಿ ಪಕ್ಷಪಾತವಿರಬಾರದು. ರಾಬರ್ಟ್ ಚೇಂಬರ್ಸ್ ಎಂಬ ವಿದ್ವಾಂಸರು ೧೯೮೩ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, ಹಳ್ಳಿಗೆ ಬರುವ ಅಧಿಕಾರಿಗಳು ಡಾಂಬರು ರಸ್ತೆಯ ಪಕ್ಕದ ಊರುಗಳನ್ನೂ, ಮಳೆಯಿಲ್ಲದ ತಿಂಗಳುಗಳನ್ನೂ, ಊರಿನ ದೊಡ್ಡ ಮನುಷ್ಯರನ್ನೂ, ಗಂಡಸರನ್ನೂ ಮಾತ್ರ ಕಂಡು ಹಿಂತಿರುಗುತ್ತಾರೆಂದು ಎಚ್ಚರಿಸಿದ್ದಾರೆ. ಕೆಸರಿನ ದಾರಿಯ ಊರು, ಮಳೆಗಾಲದ ಕಷ್ಟ, ಬೀಜವನ್ನು ಬೂದಿಯಲ್ಲಿಟ್ಟು ಕಾಪಾಡುವ ಹೆಂಗಸಿನ ಅನುಭವ, ಇವು ಅವರ ಕಣ್ಣಿಗೆ ಬೀಳುವುದಿಲ್ಲ.

೬. ಸಭೆಯೂ ಮಾದರಿಯೂ

ಊರವರೆಲ್ಲರೂ ಕೂಡಿ ನೆಲದ ಮೇಲೆ ರಂಗೋಲಿಪುಡಿ, ಕಲ್ಲು, ಕಾಳುಗಳಿಂದ ಗ್ರಾಮದ ನಕ್ಷೆಯನ್ನು ತಾವೇ ಬರೆಯುವ ಕ್ರಮವು ೧೯೯೦ರ ದಶಕದಲ್ಲಿ ಭಾರತದಲ್ಲಿ ಬಹಳವಾಗಿ ಪ್ರಚಾರಕ್ಕೆ ಬಂದಿತು. ಒಬ್ಬನು ತಪ್ಪಿದರೆ ಇನ್ನೊಬ್ಬನು ತಿದ್ದುತ್ತಾನೆ. ಓದು ಬರಹ ಬಾರದವರೂ ಕೈಯಿಡಬಹುದು. ಆದರೆ ಗಟ್ಟಿಯಾಗಿ ಮಾತನಾಡುವವರೇ ಸಭೆಯನ್ನು ಆಕ್ರಮಿಸುವ ಸಂಭವವಿರುವುದರಿಂದ ಹೆಂಗಸರಿಗೂ ಕೂಲಿಕಾರರಿಗೂ ಪ್ರತ್ಯೇಕ ಕೂಟಗಳನ್ನು ಏರ್ಪಡಿಸಬೇಕು.

ಕೊನೆಯ ಕ್ರಮವೆಂದರೆ ಸಣ್ಣದೊಂದು ಮಾದರಿಯನ್ನು ಮಾಡಿ ಜನರ ಕೈಗೆ ಕೊಟ್ಟು ನೋಡುವುದು. ಬೇಕಾದುದೇನೆಂದು ಬಾಯಲ್ಲಿ ಹೇಳಲಾರದವನೂ ಪದಾರ್ಥವನ್ನು ಹಿಡಿದು ನೋಡಿದೊಡನೆ ಅದರ ಕುಂದನ್ನು ತೋರಿಸಬಲ್ಲನು. ಭೂಮಿ ಕೇಂದ್ರಗಳಲ್ಲಿ ರಯತನ ಕಡೆಗೆ ತಿರುಗಿಸಿದ ಎರಡನೆಯ ಪರದೆಯನ್ನಿಟ್ಟುದು ಬಳಸುವವನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಏರ್ಪಾಡಿಗೆ ಒಳ್ಳೆಯ ಉದಾಹರಣೆ. ೨೦೨೦ರ ಮುಂಗಾರಿನಲ್ಲಿ ಕರ್ನಾಟಕದ ರಯತರು ತಮ್ಮ ಬೆಳೆಯ ಛಾಯಾಚಿತ್ರವನ್ನು ಮೊಬೈಲಿನಿಂದ ತಾವೇ ಕಳುಹಿಸುವ ಅವಕಾಶ ಬಂದಿತು. ತನ್ನ ಹೊಲದ ವಿಷಯವನ್ನು ತಾನೇ ದಾಖಲಿಸುವುದು ಉತ್ತಮವಾದ ಕ್ರಮವೇ ಸರಿ. ಆದರೆ ಮೊಬೈಲಿಲ್ಲದ ಮುದುಕನೂ, ಸಂಪರ್ಕ ಸಿಕ್ಕದ ಮಲೆನಾಡಿನ ಮೂಲೆಯವನೂ ಹಿಂದುಳಿಯದಂತೆ ನೋಡಿಕೊಳ್ಳಬೇಕು.

ಕ್ರಮವನ್ನು ಆರಿಸುವ ಬಗೆ

ಮೇಲಿನ ವಿವರಣೆಯಿಂದ ಒಂದೇ ಕ್ರಮವನ್ನು ನೆಚ್ಚಬಾರದೆಂಬುದು ವಿಶದವಾಗುತ್ತದೆ. ಎಷ್ಟು ಎಂಬ ಪ್ರಶ್ನೆಗೆ ಅಳತೆಯೂ ಪ್ರಶ್ನಾವಳಿಯೂ, ಏಕೆ ಎಂಬುದಕ್ಕೆ ಮಾತುಕತೆಯೂ, ಹೇಗೆ ಎಂಬುದಕ್ಕೆ ಪ್ರತ್ಯಕ್ಷ ನೋಟವೂ, ಹಿಂದೆ ಹೇಗಿತ್ತು ಎಂಬುದಕ್ಕೆ ದಾಖಲೆಯೂ, ಇದು ಒಗ್ಗುವುದೇ ಎಂಬುದಕ್ಕೆ ಮಾದರಿಯೂ ಯುಕ್ತ. ಒಂದರಿಂದ ತಿಳಿದುದನ್ನು ಇನ್ನೊಂದರಿಂದ ತಾಳೆ ನೋಡುವುದು ವಿವೇಕ. ಕೆರೆಯ ನೀರು ಸಾಲುವುದೇ ಎಂದು ತೂಬಿನ ಬಳಿಯ ಗದ್ದೆಯವನನ್ನು ಕೇಳಿದರೆ ಸಾಲುತ್ತದೆ ಎಂದಾನು. ಅವನು ಸುಳ್ಳು ಹೇಳಲಿಲ್ಲ. ಆದರೆ ಅಚ್ಚುಕಟ್ಟಿನ ಕೊನೆಯ ಗದ್ದೆಯವನನ್ನೂ, ರಾತ್ರಿ ನೀರು ತಿರುಗಿಸುವ ನೀರುಗಂಟಿಯನ್ನೂ ಕೇಳದೆ ಕೆರೆಯ ನಿಜಸ್ಥಿತಿ ತಿಳಿಯುವುದಿಲ್ಲ.

ಗ್ರಾಮ ಪ್ರಮುಖರ ಕರ್ತವ್ಯ

ಇಲಾಖೆಯವರು ಊರಿಗೆ ಬಂದಾಗ ಮೊದಲು ಕಾಣುವುದು ಗ್ರಾಮ ಪ್ರಮುಖರನ್ನೂ ದೊಡ್ಡ ಹಿಡುವಳಿದಾರರನ್ನೂ. ಅವರ ಮಾತಿಗೆ ತೂಕವಿರುವುದರಿಂದಲೇ ಅವರ ಹೊಣೆಯೂ ಹೆಚ್ಚು. ಊರಿನ ಪರವಾಗಿ ತಾವೇ ಎಲ್ಲ ಉತ್ತರಗಳನ್ನೂ ಕೊಟ್ಟು ಕಳುಹಿಸುವುದು ಉಪಚಾರವೆಂದು ತೋರಬಹುದು. ಅದರಿಂದ ಊರಿಗೆ ಉಪಕಾರವಾಗದು. ಬಂದವರನ್ನು ಕೆರೆಯ ಕೊನೆಯ ಗದ್ದೆಗೂ, ಊರ ಹೊರಗಿನ ಕೇರಿಗೂ, ವಾರಕ್ಕೆ ಮಾಡುವವನ ಹೊಲಕ್ಕೂ ಕರೆದುಕೊಂಡು ಹೋಗಿ ಬಿಟ್ಟು, ಮಾತು ನಡೆಯುವಾಗ ತಾವು ಸ್ವಲ್ಪ ದೂರ ನಿಲ್ಲುವುದು ಲೇಸು. ಯಾವ ಪ್ರಶ್ನೆಯನ್ನು ಏತಕ್ಕೆ ಕೇಳುತ್ತಾರೆ, ಉತ್ತರವನ್ನು ಯಾವುದಕ್ಕೆ ಉಪಯೋಗಿಸುತ್ತಾರೆ ಎಂದು ಎಲ್ಲರ ಎದುರಿಗೆ ಕೇಳಿ ತಿಳಿಯುವ ಅಧಿಕಾರವೂ ಅವರಿಗುಂಟು. ಬರೆದುಕೊಂಡುದನ್ನು ಹೊರಡುವುದಕ್ಕೆ ಮುಂಚೆ ಊರವರಿಗೆ ಗಟ್ಟಿಯಾಗಿ ಓದಿ ಹೇಳುವಂತೆ ಒತ್ತಾಯಪಡಿಸಬೇಕು. ಆಗ ಸಿಕ್ಕುವ ತಪ್ಪನ್ನು ತಿದ್ದುವುದಕ್ಕೆ ಒಂದು ನಿಮಿಷ ಸಾಕು. ಅದೇ ತಪ್ಪು ದಾಖಲೆಗೆ ಸೇರಿದ ಮೇಲೆ ರಯತನು ತಾಲ್ಲೂಕು ಕಚೇರಿಗೆ ಎಷ್ಟೋ ಬಾರಿ ಅಲೆಯಬೇಕಾಗುತ್ತದೆ. ಮುಂಬರುವ ಬೆಳೆ ಸಮೀಕ್ಷೆಗಳ ಕಾಲದಲ್ಲಿ ಗ್ರಾಮ ಪ್ರಮುಖರೂ ಜಮೀನುದಾರರೂ ಈ ವಿಷಯಗಳಲ್ಲಿ ಗಮನವಿಟ್ಟು ಸಹಕರಿಸುವರೆಂದು ಆಶಿಸಲಾಗಿದೆ.