ಮನೆಯಂಗಳದಲ್ಲಿ ನಕ್ಷತ್ರ ತೂಗುವ ಮುನ್ನ

ಪೂರ್ವದಿಕ್ಕಿನ ಜ್ಞಾನಿಗಳು ಬೆತ್ಲೆಹೇಮಿನ ಮನೆಯನ್ನು ಹೊಕ್ಕು, ಮಾತೆ ಮರಿಯಮ್ಮನವರೊಂದಿಗಿದ್ದ ಬಾಲಯೇಸುವಿಗೆ ಸಾಷ್ಟಾಂಗವೆರಗಿ, ತಮ್ಮ ಪೆಟ್ಟಿಗೆಗಳನ್ನು ತೆರೆದು ಚಿನ್ನ, ಧೂಪ, ರಕ್ತಬೋಳಗಳನ್ನು ಅರ್ಪಿಸಿದರೆಂದು ಸಂತ ಮತ್ತಾಯರ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಓದುತ್ತೇವೆ. ಚಿನ್ನ ಅರಸನಿಗೆ, ಧೂಪ ದೇವರಿಗೆ, ರಕ್ತಬೋಳ ಮರಣವನ್ನಪ್ಪಲಿರುವ ಮಾನವನಿಗೆ ಎಂಬ ಪ್ರಬೋಧನೆಯನ್ನು ಪ್ರತಿವರ್ಷವೂ ಆಲಿಸುತ್ತೇವೆ. ಆದರೆ ಅದೇ ವೃತ್ತಾಂತದಲ್ಲಿರುವ ಸರಳ ಸಂಗತಿಯೊಂದು ನಮ್ಮ ಗಮನಕ್ಕೆ ಬರುವುದು ಅಪರೂಪ. ಆ ಕಾಣಿಕೆಗಳನ್ನು ಅವರು ದೂರದ ಪಯಣದುದ್ದಕ್ಕೂ ಹೊತ್ತು ತಂದಿದ್ದರು. ತಾವು ಕಾಣಲಿರುವವನು ಯಾರೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಅವರು ದಾರಿ ಹಿಡಿದಿದ್ದರು.

ನಮ್ಮ ಮನೆಗಳಲ್ಲಿ ಕ್ರಿಸ್ಮಸ್ ಕಾಣಿಕೆಗಳು ಹೇಗೆ ಸಿದ್ಧವಾಗುತ್ತವೆ? ಡಿಸೆಂಬರಿನ ಮೂರನೆಯ ವಾರ ಬಂದಿತೆಂದರೆ ಮಂಗಳೂರಿನ ಹಂಪನಕಟ್ಟೆಯಿಂದ ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿನವರೆಗೆ ಎಲ್ಲೆಡೆ ನೂಕುನುಗ್ಗಲು. ಕೈಯಲ್ಲಿ ಪಟ್ಟಿಯಿಲ್ಲ, ಮನಸ್ಸಿನಲ್ಲಿ ನೆಮ್ಮದಿಯಿಲ್ಲ. ಕಣ್ಣಿಗೆ ಬಿದ್ದುದನ್ನು ಹೇಳಿದ ಬೆಲೆಗೆ ಕೊಂಡು, ಮನೆಗೆ ಬಂದ ಮೇಲೆ ಇದು ಯಾರಿಗೆ ಎಂದು ಯೋಚಿಸುವ ಪರಿಸ್ಥಿತಿ. ಆಗಮನ ಕಾಲವು ಪ್ರಾರಂಭವಾಗುವುದು ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬರುವ ಭಾನುವಾರದಂದು. ಅಲ್ಲಿಂದ ಹಬ್ಬದವರೆಗೆ ದೊರೆಯುವುದು ಹೆಚ್ಚೆಂದರೆ 28 ದಿನ. ಪ್ರಾರ್ಥನೆ, ಪಾಪನಿವೇದನೆ, ಪರೋಪಕಾರಗಳಿಂದ ಹೃದಯವನ್ನು ಹಸನು ಮಾಡಿಕೊಳ್ಳಲೆಂದು ಧರ್ಮಸಭೆಯು ನೀಡಿದ ಈ ಅಲ್ಪಾವಧಿಯನ್ನು ಅಂಗಡಿಗಳ ಸಾಲಿನಲ್ಲಿ ನಿಂತು ಕಳೆಯುವುದು ಎಷ್ಟು ಸಮಂಜಸ?

ಹಣದ ವಿಚಾರವೂ ಇದೆ. ಆಗಮನ ಕಾಲದಲ್ಲಿ ಸಾಮಾನ್ಯವಾಗಿ ಮದುವೆಗಳನ್ನಿಡದ ನಮ್ಮ ಕರಾವಳಿಯ ಕಥೋಲಿಕ ಕುಟುಂಬಗಳು ಕ್ರಿಸ್ಮಸ್ ಮುಗಿದೊಡನೆ ರೋಸ್, ಮದುವೆಗಳಲ್ಲಿ ಮುಳುಗುತ್ತವೆ. ಪರದೇಶದಲ್ಲಿರುವ ಬಂಧುಗಳು ರಜೆಯಲ್ಲಿ ಬರುವ ಕಾಲವೂ ಅದೇ. ಡಿಸೆಂಬರಿನ ಸಂಬಳ ಹಬ್ಬಕ್ಕೇ ಮುಗಿದಿರುವಾಗ ಜನವರಿಯ ಖರ್ಚಿಗೆ ಕೈಸಾಲವೇ ಗತಿಯಾಗುತ್ತದೆ. ಈಗಂತೂ ಕ್ರೆಡಿಟ್ ಕಾರ್ಡ್, ಇಂದು ಕೊಂಡು ಮುಂದೆ ಪಾವತಿಸುವ ಯೋಜನೆ, ಮಾಸಿಕ ಕಂತು ಎಂಬ ಹೆಸರಿನಲ್ಲಿ ಸಾಲವು ಕೇಳುವ ಮೊದಲೇ ಬಾಗಿಲಿಗೆ ಬಂದು ನಿಲ್ಲುತ್ತದೆ. ಗೋದಲಿಯ ಮುಂದೆ ನಗುನಗುತ್ತಾ ಕೊಟ್ಟ ಉಡುಗೊರೆಯ ಬಡ್ಡಿಯನ್ನು ತಪಸ್ಸುಕಾಲದವರೆಗೂ ಕಟ್ಟುವ ಮನೆಗಳಲ್ಲಿ ಗಂಡಹೆಂಡಿರ ನಡುವಣ ಶಾಂತಿಯೇ ಕದಡಿಹೋಗುತ್ತದೆ. ಆದುದರಿಂದ ಕಾಣಿಕೆಯ ಸಿದ್ಧತೆಯನ್ನು ಮುಂಚಿತವಾಗಿ ಆರಂಭಿಸುವುದು ಜಿಪುಣತನವಲ್ಲ, ಮನೆಯ ಶಾಂತಿಯನ್ನು ಕಾಯುವ ವಿವೇಕ.

ಮೊದಲು ಹೆಸರು, ಬಳಿಕ ಹಣ, ಕೊನೆಗೆ ವಸ್ತು

ಈ ಸಿದ್ಧತೆಯನ್ನು ಎಂದು ಆರಂಭಿಸಬೇಕು? ನಮ್ಮ ಪಂಚಾಂಗವೇ ಉತ್ತರ ನೀಡುತ್ತದೆ. ಕನ್ಯಾಮಾತೆಯ ಜನನೋತ್ಸವವಾದ ಮೊಂತಿ ಹಬ್ಬ ಸೆಪ್ಟೆಂಬರ್ 8ರಂದು. ಅಲ್ಲಿಂದ ಕ್ರಿಸ್ಮಸ್‌ಗೆ ಸರಿಯಾಗಿ 108 ದಿನ. ಹೊಸ ತೆನೆಯನ್ನು ಮನೆಗೆ ತಂದು ಕುಟುಂಬದವರೆಲ್ಲ ಒಟ್ಟಾಗಿ ಉಂಡ ಬಳಿಕ, ಜಪಸರ ಮಾಸವಾದ ಅಕ್ಟೋಬರಿನ ಯಾವುದಾದರೊಂದು ಸಂಜೆಯ ಪ್ರಾರ್ಥನೆ ಮುಗಿಯುವುದರೊಳಗೆ, ಮನೆಮಂದಿ ಒಂದು ನೋಟ್‌ಬುಕ್ ಹಿಡಿದು ಕುಳಿತರೆ ಅರ್ಧ ಕೆಲಸ ಮುಗಿದಂತೆಯೇ.

ನೋಟ್‌ಬುಕ್‌ನಲ್ಲಿ ಮೊದಲು ಬರೆಯಬೇಕಾದುದು ಹೆಸರುಗಳನ್ನು, ವಸ್ತುಗಳನ್ನಲ್ಲ. ಅಜ್ಜ, ಅಜ್ಜಿ, ಮಕ್ಕಳು, ಜ್ಞಾನಸ್ನಾನದಲ್ಲಿ ನಾವು ಹೊಣೆ ಹೊತ್ತ ಮಗು, ನೆರೆಯವರು, ಮನೆಗೆಲಸದಲ್ಲಿ ನೆರವಾಗುವವರು – ಹೀಗೆ ಒಬ್ಬೊಬ್ಬರ ಹೆಸರಿನ ಮುಂದೆ ಅವರ ಈ ವರ್ಷದ ಅಗತ್ಯ ಏನೆಂದು ಒಂದು ಸಾಲು ಬರೆಯೋಣ. ಅಜ್ಜಿಗೆ ಚಳಿಗಾಲದ ಶಾಲು ಹಳೆಯದಾಗಿರಬಹುದು. ಹತ್ತನೆಯ ತರಗತಿಯ ಹುಡುಗನಿಗೆ ಓದಲು ಒಳ್ಳೆಯ ಮೇಜಿನ ದೀಪ ಬೇಕಾಗಿರಬಹುದು. ನಾಲ್ಕು ತಿಂಗಳು ಕಣ್ಣು ಕಿವಿಗಳನ್ನು ತೆರೆದಿಟ್ಟರೆ ಪ್ರತಿಯೊಬ್ಬರೂ ತಮ್ಮ ಮಾತುಗಳ ನಡುವೆ ತಮಗೇನು ಬೇಕೆಂಬುದನ್ನು ತಿಳಿಯದೆಯೇ ಹೇಳಿಬಿಡುತ್ತಾರೆ.

ಬಳಿಕ ಹಣದ ನಿರ್ಧಾರ. ಹನ್ನೆರಡು ಮಂದಿಗೆ ತಲಾ 500 ರೂಪಾಯಿಯಂತೆ 6,000 ರೂಪಾಯಿ ಬೇಕೆಂದಿಟ್ಟುಕೊಳ್ಳಿ. ಡಿಸೆಂಬರ್ ಒಂದೇ ತಿಂಗಳಲ್ಲಿ ಇದು ಭಾರವೇ. ಸೆಪ್ಟೆಂಬರಿನಿಂದ ನಾಲ್ಕು ಸಂಬಳಗಳಲ್ಲಿ ತಲಾ 1,500 ರೂಪಾಯಿ ತೆಗೆದಿರಿಸಿದರೆ ಆ ಭಾರ ಹಗುರವಾಗುತ್ತದೆ. ಅಷ್ಟೂ ಸಾಧ್ಯವಿಲ್ಲದವರು ಮೊತ್ತವನ್ನು ಕಡಿಮೆ ಮಾಡಲಿ, ಹೆಸರುಗಳನ್ನು ಕಡಿಮೆ ಮಾಡುವುದು ಬೇಡ.

ಅಣ್ಣತಮ್ಮಂದಿರ ಕುಟುಂಬಗಳೆಲ್ಲ ಒಂದೆಡೆ ಸೇರುವ ದೊಡ್ಡ ಮನೆಗಳಿಗೆ ಚೀಟಿ ಎತ್ತುವ ಪದ್ಧತಿ ಅತ್ಯುತ್ತಮ. ಕಾನ್ವೆಂಟುಗಳಲ್ಲಿಯೂ ಯುವಜನರ ಸಂಘಗಳಲ್ಲಿಯೂ ಇದು ಬಹಳ ಕಾಲದಿಂದ ರೂಢಿಯಲ್ಲಿದೆ. ಹದಿನಾರು ಮಂದಿ ಪರಸ್ಪರ ಉಡುಗೊರೆ ನೀಡಹೊರಟರೆ 240 ಪೊಟ್ಟಣಗಳಾಗುತ್ತವೆ. ಚೀಟಿ ಎತ್ತಿದರೆ ಹದಿನಾರೇ ಸಾಕು. ಆಗಮನ ಕಾಲದುದ್ದಕ್ಕೂ ತನ್ನ ಚೀಟಿಯಲ್ಲಿ ಬಂದವರಿಗಾಗಿ ಗುಟ್ಟಾಗಿ ಪ್ರಾರ್ಥಿಸಿ, ಸಣ್ಣಪುಟ್ಟ ಸಹಾಯ ಮಾಡಿ, ಹಬ್ಬದಂದು ಒಂದೇ ಕಾಣಿಕೆಯೊಂದಿಗೆ ಗುಟ್ಟು ಬಿಚ್ಚುವುದು ಮಕ್ಕಳಿಗಂತೂ ಎಲ್ಲಿಲ್ಲದ ಸಂಭ್ರಮ.

ಅಂತರ್ಜಾಲದ ಅಂಗಡಿ

ಇಂದು ಮನೆಯಲ್ಲಿಯೇ ಕುಳಿತು ಮೊಬೈಲಿನ ಮೂಲಕ ವಸ್ತುಗಳನ್ನು ತರಿಸಿಕೊಳ್ಳುವುದು ಸಾಮಾನ್ಯ. ವಯೋವೃದ್ಧರಿಗೂ, ಪೇಟೆಯಿಂದ ದೂರವಿರುವವರಿಗೂ ಇದು ದೊಡ್ಡ ಅನುಕೂಲ. ದುಬೈ, ಕುವೈತ್‌ಗಳಲ್ಲಿರುವ ಮಗ ಅಲ್ಲಿಂದಲೇ ಬೆಳ್ತಂಗಡಿಯ ತಾಯಿಗೆ ಉಡುಗೊರೆ ಕಳುಹಿಸಬಲ್ಲ. ಆದರೂ ಕೆಲವು ಎಚ್ಚರಿಕೆಗಳು ಅಗತ್ಯ.

ಕೇಂದ್ರ ಸರಕಾರವು 2020ರಲ್ಲಿ ಜಾರಿಗೆ ತಂದ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರಾಟಗಾರರ ವಿವರ, ವಸ್ತು ತಯಾರಾದ ದೇಶ, ಹಿಂತಿರುಗಿಸುವಿಕೆ ಮತ್ತು ಹಣ ಮರುಪಾವತಿಯ ಷರತ್ತುಗಳನ್ನು ಗ್ರಾಹಕರಿಗೆ ತಿಳಿಯುವಂತೆ ಪ್ರಕಟಿಸಬೇಕು. ದೂರು ತಲುಪಿದ ಬಗ್ಗೆ 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸುವ ಹೊಣೆಯೂ ಸಂಸ್ಥೆಯ ದೂರು ಅಧಿಕಾರಿಯ ಮೇಲಿದೆ. ಈ ‘ಒಂದು ತಿಂಗಳು’ ಎಂಬುದನ್ನು ಗಮನಿಸಿ. ಡಿಸೆಂಬರ್ 20ರಂದು ತಲುಪಿದ ಅಂಗಿಯ ಅಳತೆ ತಪ್ಪಿದ್ದರೆ ಹಬ್ಬದೊಳಗೆ ನ್ಯಾಯ ದೊರೆಯುವ ಭರವಸೆಯಿಲ್ಲ. ನವೆಂಬರ್ ಮೊದಲ ವಾರದಲ್ಲಿ ತರಿಸಿದ್ದರೆ ಬದಲಾಯಿಸಿಕೊಳ್ಳಲು ಕಾಲಾವಕಾಶವಿರುತ್ತದೆ. ಸಂಸ್ಥೆ ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಹಬ್ಬದ ಕಾಲವು ವಂಚಕರ ಸುಗ್ಗಿಯೂ ಹೌದು. ನಂಬಲಾಗದ ರಿಯಾಯಿತಿಯ ಸಂದೇಶದಲ್ಲಿರುವ ಕೊಂಡಿಯನ್ನು ಒತ್ತಬೇಡಿ. ಹಣ ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯವಿಲ್ಲ. ಹಾಗೆ ಒತ್ತಿರೆಂದು ಹೇಳುವವನು ಮೋಸಗಾರನೇ. ಹಣ ಕಳೆದುಕೊಂಡವರು ಸಂಕೋಚಪಡದೆ ತಕ್ಷಣವೇ 1930ಕ್ಕೆ ದೂರು ನೀಡಬೇಕು. ಮಕ್ಕಳಿಗೆ ಆಟಿಕೆ ಕೊಳ್ಳುವಾಗ ಐಎಸ್‌ಐ ಗುರುತನ್ನು ನೋಡಿ. 2021ರ ಜನವರಿ 1ರಿಂದ ಇದು ಕಡ್ಡಾಯವಾಗಿದೆ. ನೋಂದಾಯಿತ ಕುಶಲಕರ್ಮಿಗಳು ಕೈಯಿಂದ ಮಾಡಿದ ಆಟಿಕೆಗಳಿಗೆ ವಿನಾಯಿತಿಯುಂಟು.

ದೂರದ ಗೋದಾಮಿನಿಂದ ವಸ್ತು ತರಿಸುವ ಭರದಲ್ಲಿ ನಮ್ಮ ನಾಡಿನ ಕೈಗಳನ್ನು ಮರೆಯಬಾರದು. ಹಾಲೆ ಮರಕ್ಕೆ ಅರಗಿನ ಬಣ್ಣ ಲೇಪಿಸಿದ ಚನ್ನಪಟ್ಟಣದ ಗೊಂಬೆ, ಕಿನ್ನಿಗೋಳಿ ಸಮೀಪದ ತಾಳಿಪಾಡಿ ನೇಕಾರರ ಉಡುಪಿ ಸೀರೆ ಇವು ಕಾಣಿಕೆಯಾಗಿ ಕೊಡಲು ಯೋಗ್ಯವಾದವು. ಕೈಮಗ್ಗದ ಸೀರೆ ಒಂದೇ ದಿನದಲ್ಲಿ ಇಳಿಯುವುದಿಲ್ಲ, ಮಗ್ಗದಲ್ಲಿ ಕೂರುವ ಕೈಗಳೂ ಈಗ ಕೆಲವೇ. ಮುಂಚಿತವಾಗಿ ಹೇಳಿಟ್ಟವರಿಗಷ್ಟೇ ಅದು ದೊರೆತೀತು.

ಕೈಯಾರೆ ಮಾಡಿದ ಕಾಣಿಕೆ

ಹಣ ಕೊಟ್ಟು ಕೊಳ್ಳಲಾಗದ ಕಾಣಿಕೆಯೊಂದಿದೆ. ಅದು ನಮ್ಮ ಸಮಯ. ನಮ್ಮ ತಾಯಂದಿರಿಗೆ ಇದು ಚೆನ್ನಾಗಿ ತಿಳಿದಿತ್ತು. ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸ್, ಚಕ್ಕುಲಿಗಳ ಕುಸ್ವಾರ್ ತಟ್ಟೆಗಿಂತ ಮಿಗಿಲಾದ ಕ್ರಿಸ್ಮಸ್ ಕಾಣಿಕೆ ಕರಾವಳಿಯಲ್ಲಿ ಇನ್ನಾವುದಿದೆ? ಮಕ್ಕಳೆಲ್ಲ ಸುತ್ತ ಕುಳಿತು ಬಾಚಣಿಗೆಯ ಮೇಲೋ ಮುಳ್ಳುಚಮಚದ ಮೇಲೋ ಹಿಟ್ಟನ್ನೊತ್ತಿ ಕಿಡಿಯೊ ಸುತ್ತುವಾಗ ಮನೆಯೇ ಕಾರ್ಖಾನೆಯಾಗುತ್ತಿತ್ತು. ಕಥೆಗಳೂ ನಗುವೂ ಹಿಟ್ಟಿನೊಂದಿಗೇ ಬೆರೆಯುತ್ತಿದ್ದವು. ಈಗ ಕುಸ್ವಾರ್ ಬೇಕರಿಗಳಲ್ಲಿ ದೊರೆಯುತ್ತದೆ, ಅಂತರ್ಜಾಲದಲ್ಲಿಯೂ ದೊರೆಯುತ್ತದೆ. ದುಡಿಯುವ ತಾಯಂದಿರಿಗೆ ಅದು ವರವೇ, ಅದರಲ್ಲಿ ನಾಚಿಕೆಯೇನಿಲ್ಲ. ಆದರೂ ಒಂದು ಬಗೆಯನ್ನಾದರೂ ಮನೆಯಲ್ಲಿ ಎಲ್ಲರೂ ಕೂಡಿ ಮಾಡುವುದು ಒಳಿತು. ಹಾಗೆ ಮಾಡುವುದರಲ್ಲಿ ಗಂಡಸರಿಗೂ ಪಾಲಿರಲಿ.

ಇದಕ್ಕೂ ಮುಂದಾಲೋಚನೆ ಬೇಕು. ಕೇಕಿನ ದ್ರಾಕ್ಷಿ, ಗೋಡಂಬಿ, ಕಿತ್ತಳೆ ಸಿಪ್ಪೆಗಳನ್ನು ರಮ್‌ನಲ್ಲಿ ನೆನೆಹಾಕುವವರು ಅಕ್ಟೋಬರ್, ನವೆಂಬರ್ ತಿಂಗಳಲ್ಲೇ ಗಾಜಿನ ಭರಣಿಗೆ ತುಂಬಿಡುತ್ತಾರೆ. ಮದ್ಯ ಬೇಡವೆನ್ನುವವರು ಹಣ್ಣಿನ ರಸದಲ್ಲಿ ನೆನೆಸಬಹುದು; ಆದರೆ ಅದನ್ನು ಫ್ರಿಜ್ಜಿನಲ್ಲಿಟ್ಟು ಒಂದೆರಡು ದಿನಗಳಲ್ಲೇ ಬಳಸಬೇಕು. ಗಲ್ಫಿನಲ್ಲಿರುವವರಿಗೆ ಕೇಕ್ ಕಳುಹಿಸುವವರು ಇದನ್ನು ನೆನಪಿಡಬೇಕು: ಕುವೈತ್‌ನಂತಹ ದೇಶದಲ್ಲಿ ಮದ್ಯಕ್ಕೆ ಪೂರ್ಣ ನಿಷೇಧವಿದೆ, ರಮ್ ಬೆರೆಸಿದ ಕೇಕ್ ಅಲ್ಲಿಗೆ ಸಲ್ಲದು. ಊರಿಗೆ ಬಂದು ಹಿಂದಿರುಗುವವರ ಕೈಯಲ್ಲಿ ಪೊಟ್ಟಣ ಕೊಡುವಾಗ ಒಳಗೇನಿದೆಯೆಂದು ತೆರೆದು ತೋರಿಸಿ ಕೊಡುವುದು ನಮ್ಮ ಕರ್ತವ್ಯ. ಅವರ ಸಾಮಾನಿನ ತೂಕಕ್ಕೂ ಮಿತಿಯುಂಟೆಂಬುದನ್ನು ಮರೆಯಬಾರದು.

ಅಡುಗೆ ಬಾರದವರಿಗೂ ದಾರಿಗಳಿವೆ. ಅಮ್ಮನ ಕೈರುಚಿಯ ಹತ್ತು ಅಡುಗೆಗಳನ್ನು ಅವರ ಬಾಯಿಂದಲೇ ಕೇಳಿ ಅಂದವಾದ ಪುಸ್ತಕದಲ್ಲಿ ಬರೆದು, ಮದುವೆಯಾಗಿ ಹೋದ ತಂಗಿಗೆ ಕೊಡಬಹುದು. ಅಜ್ಜನ ಬಾಲ್ಯದ ಕ್ರಿಸ್ಮಸ್ ನೆನಪುಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ದೂರದ ಮೊಮ್ಮಕ್ಕಳಿಗೆ ಕಳುಹಿಸಬಹುದು. ಮುಂದಿನ ವರ್ಷ ಆ ಧ್ವನಿ ಇರುತ್ತದೆಯೆಂದು ಬಲ್ಲವರಾರು? ಹಳೆಯ ಸೀರೆಯ ಕೌದಿ, ಮಣಿ ಪೋಣಿಸಿದ ಜಪಮಾಲೆ, ಮಕ್ಕಳು ಬಿದಿರಿನ ಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ಮಾಡಿದ ನಕ್ಷತ್ರ, ಮನಬಿಚ್ಚಿ ಬರೆದ ಒಂದು ಪುಟದ ಪತ್ರ ಇವುಗಳಿಗೆ ತಗಲುವ ಹಣ ಅತ್ಯಲ್ಪ. ಬೇಕಾಗುವುದು ದಿನಗಳು, ಅವು ಡಿಸೆಂಬರ್ 23ರಂದು ದೊರೆಯಲಾರವು.

ಪಟ್ಟಿಯಲ್ಲಿ ಬಿಟ್ಟುಹೋಗುವವರು

ಅವಸರದ ಖರೀದಿಯಲ್ಲಿ ಮೊದಲು ಬಿಟ್ಟುಹೋಗುವವರು ಯಾರು? ನಮ್ಮಿಂದ ಏನನ್ನೂ ಕೇಳದವರು. ಈ ವರ್ಷ ಗಂಡನನ್ನು ಕಳೆದುಕೊಂಡು ನಕ್ಷತ್ರ ತೂಗಲು ಮನಸ್ಸಿಲ್ಲದೆ ಕುಳಿತ ನೆರೆಮನೆಯಾಕೆ, ಮಕ್ಕಳೆಲ್ಲ ವಿದೇಶದಲ್ಲಿದ್ದು ಕರೆಗಂಟೆಯ ಸದ್ದಿಗಾಗಿ ಕಾಯುವ ವೃದ್ಧ ದಂಪತಿ, ಕೆಲಸ ಕಳೆದುಕೊಂಡು ಅದನ್ನು ಯಾರಿಗೂ ಹೇಳದ ಯುವಕ, ದೀಪಾವಳಿಗೂ ಈದ್‌ಗೂ ತಪ್ಪದೆ ನಮಗೆ ತಿಂಡಿ ಕಳುಹಿಸಿದ ಹಿಂದೂ, ಮುಸ್ಲಿಂ ನೆರೆಯವರು. ತುಂಬಿ ಬಂದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸದ ಸಂಸ್ಕೃತಿ ನಮ್ಮದು.

ನಾಲ್ಕನೆಯ ಶತಮಾನದಲ್ಲಿ ಮೈರಾ ಪಟ್ಟಣದ ಬಿಷಪರಾಗಿದ್ದ ಸಂತ ನಿಕೋಲಾಸರ ಹಬ್ಬ ಡಿಸೆಂಬರ್ 6ರಂದು ಬರುತ್ತದೆ. ಕ್ರಿಸ್ಮಸ್ ತಾತನ ಕಲ್ಪನೆಗೆ ಮೂಲವಾದವರು ಅವರೇ. ಬಡ ತಂದೆಯೊಬ್ಬನ ಮೂವರು ಹೆಣ್ಣುಮಕ್ಕಳ ಮದುವೆಗೆಂದು ಅವರು ಕತ್ತಲಲ್ಲಿ, ಯಾರಿಗೂ ಕಾಣದಂತೆ ಹೊನ್ನಿನ ಚೀಲಗಳನ್ನು ಮನೆಯೊಳಕ್ಕೆ ಹಾಕಿ ಹೋದರೆಂಬುದು ಪ್ರಸಿದ್ಧ ಐತಿಹ್ಯ. ಪಡೆಯುವವನು ತಲೆತಗ್ಗಿಸಬಾರದೆಂಬ ಕಾಳಜಿಯೇ ಅದರ ಸಾರ. ಆದುದರಿಂದ ನಮ್ಮ ಪಟ್ಟಿಯಲ್ಲಿ ಒಂದು ಹೆಸರನ್ನಾದರೂ ಹೀಗೆ ಗುಟ್ಟಾಗಿ ಸೇರಿಸೋಣ. ನೇರವಾಗಿ ಕೊಡುವುದು ಮುಜುಗರವೆನಿಸಿದರೆ ಧರ್ಮಕೇಂದ್ರದ ಗುರುಗಳ ಮೂಲಕವೋ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಮೂಲಕವೋ ತಲುಪಿಸಬಹುದು. ಇಂತಹ ಹೆಸರುಗಳನ್ನು ಪಟ್ಟಿಯ ಮೊದಲಿಗೇ ಬರೆಯಿರಿ. ಕೊನೆಯಲ್ಲಿ ಉಳಿದುದನ್ನು ಕೊಡೋಣವೆಂದರೆ ಕೊನೆಗೆ ಏನೂ ಉಳಿಯುವುದಿಲ್ಲವೆಂಬುದು ಎಲ್ಲ ಮನೆಗಳ ಅನುಭವ.

ಕ್ರಿಸ್ತರಾಜರ ಮಹೋತ್ಸವದ ಹೊತ್ತಿಗೆ ಕೊಳ್ಳಬೇಕಾದುದೆಲ್ಲ ಕೊಂಡು ಮುಗಿದಿರಲಿ. ದೂರದೂರಿನ ಪೊಟ್ಟಣಗಳು ಅಂಚೆಗೆ ಸೇರಿರಲಿ. ಆಗಮನ ಕಾಲದ ಮೊದಲ ಮೇಣದಬತ್ತಿಯನ್ನು ಹಚ್ಚುವಾಗ ಅಂಗಡಿಯ ಚಿಂತೆ ನಮ್ಮನ್ನು ಕಾಡದಿರಲಿ. ಆಗ ಗೋದಲಿ ಕಟ್ಟಲು, ಕ್ಯಾರಲ್ ಹಾಡಲು, ಮುನಿದ ಸಹೋದರನ ಮನೆಗೆ ಹೋಗಿ ಬರಲು ನಮಗೆ ಸಮಯವಿರುತ್ತದೆ. ಆ ಮನೆಗೆ ಕೊಂಡೊಯ್ಯಬಹುದಾದ ಕಾಣಿಕೆ ರಾಜಿಯೊಂದೇ ಆಗಿದ್ದರೂ ಸಾಕು. ಅದಕ್ಕೂ ಮುಂಚಿತವಾಗಿಯೇ ಮನಸ್ಸು ಮಾಡಬೇಕಾಗುತ್ತದೆ. ಸತ್ರದಲ್ಲಿ ಸ್ಥಳ ದೊರೆಯದೆ ಗೋದಲಿಯಲ್ಲಿ ಮಲಗಿದ ಕಂದನಿಗೆ ಈ ವರ್ಷವಾದರೂ ನಮ್ಮ ಮನೆಗಳಲ್ಲಿ ಸ್ಥಳವೂ ಸಮಯವೂ ದೊರೆಯಲೆಂದು ಹಾರೈಸೋಣ.