ಹಾಡುವುದಕ್ಕೆ ಎಂ.ಎ. ಯಾಕೆ?

ಸಂಗೀತದಲ್ಲಿ ಎಂ.ಎ. ಮಾಡುತ್ತೇನೆ ಎಂದು ಮಗಳು ಹೇಳಿದರೆ ವಡಾಲದ ನಮ್ಮ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಇದು. ಬಿ.ಕಾಂ. ಮುಗಿಸು, ಬ್ಯಾಂಕು ಸೇರು, ಸಂಜೆ ಬೇಕಾದಷ್ಟು ಹಾಡಿಕೋ ಎನ್ನುವ ಹಿರಿಯರ ಮಾತಿನಲ್ಲಿ ಲೋಕಾನುಭವವಿದೆ; ತಳ್ಳಿಹಾಕುವಂತಿಲ್ಲ. ಆದರೆ ವಿಶ್ವವಿದ್ಯಾಲಯದಲ್ಲಿ ಸಂಗೀತ ಓದುವುದೆಂದರೆ ಹಾಡು ಕಲಿಯುವುದಷ್ಟೇ ಅಲ್ಲ, ಅಲ್ಲಿ ಶಾಸ್ತ್ರವೂ ಇದೆ.

ಒಂದು ಉದಾಹರಣೆ ನೋಡಿ. ಸ ರಿ ಗ ಪ ದ, ಐದೇ ಸ್ವರಗಳು. ಮಾಟುಂಗಾದಲ್ಲಿ ಕರ್ನಾಟಕ ಸಂಗೀತದ ಪಾಠಕ್ಕೆ ಹೋಗುವ ತಂಗಿಗೆ ಇದು ಮೋಹನ, 28ನೆಯ ಮೇಳ ಹರಿಕಾಂಭೋಜಿಯ ಜನ್ಯ. ಹಿಂದೂಸ್ತಾನಿ ಕಲಿಯುವ ಅಣ್ಣನಿಗೆ ಇದೇ ಭೂಪ, ಕಲ್ಯಾಣ ಥಾಟಿನದು. ಅವೇ ಸ್ವರಗಳನ್ನು ಧೈವತಕ್ಕೆ ಒತ್ತು ಕೊಟ್ಟು ಬೇರೆ ನಡೆಯಲ್ಲಿ ಹಾಡಿದರೆ ದೇಶಕಾರ. ಅದು ಬಿಲಾವಲ್ ಥಾಟಿಗೆ ಸೇರಿತು. ಕಲ್ಯಾಣ ಥಾಟಿನ ಗುರುತೇ ತೀವ್ರ ಮಧ್ಯಮ. ಭೂಪದಲ್ಲಿ ಮಧ್ಯಮವೇ ಇಲ್ಲ! ಮತ್ತೆ ಅದನ್ನು ಅಲ್ಲಿಟ್ಟದ್ದೇಕೆ? ರಾಗವೆಂದರೆ ಸ್ವರಗಳ ಪಟ್ಟಿಯೋ, ಅವುಗಳ ನಡೆಯೋ? ಕಂಠ ಎಷ್ಟೇ ಚೆನ್ನಾಗಿದ್ದರೂ ಇದಕ್ಕೆ ಉತ್ತರ ಓದದೆ ಸಿಗದು.

ಹಾಗೆ ಇಟ್ಟವರು ನಮ್ಮ ಮುಂಬಯಿಯವರೇ. 1860ರಲ್ಲಿ ವಾಲ್ಕೇಶ್ವರದಲ್ಲಿ ಹುಟ್ಟಿದ ವಿಷ್ಣು ನಾರಾಯಣ ಭಾತಖಂಡೆ ವಕೀಲಿ ಓದಿದವರು. 1904ರಲ್ಲಿ ದಕ್ಷಿಣ ಪ್ರವಾಸ ಮಾಡಿದ ಅವರು ವೆಂಕಟಮಖಿಯ ‘ಚತುರ್ದಂಡೀ ಪ್ರಕಾಶಿಕೆ’ಯನ್ನು ಆಳವಾಗಿ ಅಭ್ಯಾಸ ಮಾಡಿದರು. 17ನೆಯ ಶತಮಾನದ ತಂಜಾವೂರಿನ ವೆಂಕಟಮಖಿ ಕನ್ನಡ ಮನೆತನದವರು. ತಂದೆ ಗೋವಿಂದ ದೀಕ್ಷಿತರು ಅಲ್ಲಿಯ ನಾಯಕ ಅರಸರ ಮಂತ್ರಿ. ಅವರು ಲೆಕ್ಕ ಹಾಕಿ ತೋರಿಸಿದ ಮೇಳಗಳು 72. ಆಗ ಬಳಕೆಯಲ್ಲಿದ್ದವು 19 ಮಾತ್ರ. ಭಾತಖಂಡೆಯವರು ಹಿಂದೂಸ್ತಾನಿಗೆ 10 ಥಾಟು ಸಾಕೆಂದರು. ಆ ಹತ್ತೂ 72ರ ಒಳಗಿನವೇ: ಬಿಲಾವಲ್ ಎಂದರೆ 29ನೆಯ ಶಂಕರಾಭರಣ, ಭೈರವ ಎಂದರೆ 15ನೆಯ ಮಾಯಾಮಾಳವಗೌಳ.

ಈ ವಿದ್ಯೆ ನಮ್ಮ ನೆರೆಗೂ ಬಂದಿತ್ತು. ಬೈಲಹೊಂಗಲದ ಕೆ.ಜಿ. ಗಿಂಡೆ ಹನ್ನೊಂದರ ವಯಸ್ಸಿನಲ್ಲಿ ಲಖನೌಗೆ ಹೋಗಿ ಭಾತಖಂಡೆಯವರ ಶಿಷ್ಯ ರತಂಜನಕರರಲ್ಲಿ ಕಲಿತವರು. 1962ರಿಂದ ಸಯನ್ನಿನ ವಲ್ಲಭ ಸಂಗೀತಾಲಯದ ಪ್ರಾಂಶುಪಾಲರಾಗಿದ್ದರು. ವಡಾಲದಿಂದ ಕಿಂಗ್ಸ್ ಸರ್ಕಲ್ ದಾಟಿದರೆ ಸಯನ್ ಅಷ್ಟೇ! 1994ರಲ್ಲಿ ತೀರಿಕೊಂಡ ಗಿಂಡೆಯವರಲ್ಲಿ ಶಾಸ್ತ್ರವೂ ಇತ್ತು, ನೂರಾರು ಬಂದಿಶುಗಳೂ ಕಂಠಸ್ಥವಾಗಿದ್ದವು.

ಇನ್ನು ಓದುವುದೆಲ್ಲಿ? ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಂಗೀತ ವಿಭಾಗವಿದೆ. ಅಲ್ಲಿಯ ಸಂಗೀತ ಕೇಂದ್ರದ ಮೊದಲ ನಿರ್ದೇಶಕರು ವಿದ್ವಾಂಸ ಅಶೋಕ ರಾನಡೆ. ಹುಡುಗಿಯರಿಗೆ ಎಸ್.ಎನ್.ಡಿ.ಟಿ. ಕೂಡ ಇದೆ, ಪ್ರಭಾ ಅತ್ರೆ ಅಲ್ಲಿ ಸಂಗೀತ ವಿಭಾಗದ ಮುಖ್ಯಸ್ಥೆಯಾಗಿದ್ದರು. ಎಂ.ಎ. ನಂತರ ನೆಟ್ ಪರೀಕ್ಷೆ ಪಾಸಾದರೆ ಕಾಲೇಜಿನಲ್ಲಿ ಕಲಿಸುವ ಅರ್ಹತೆ ಬರುತ್ತದೆ. ಹುದ್ದೆಗಳು ಕಡಿಮೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಗುರುವಿನ ಎದುರು ಕೂತು ಕಲಿಯದೆ ಬರೀ ಪದವಿಯಿಂದ ಯಾರೂ ಗಾಯಕರಾಗುವುದೂ ಇಲ್ಲ.

ಮುಂಬಯಿಯ ಮಕ್ಕಳಾದ ನಿಮಗೆ ಒಂದು ಅನುಕೂಲವಿದೆ. ಶಾಲೆಯಲ್ಲೇ ಮರಾಠಿ ಬಂದಿದೆ. ಭಾತಖಂಡೆಯವರ ‘ಹಿಂದುಸ್ತಾನೀ ಸಂಗೀತ ಪದ್ಧತಿ’ಯ ನಾಲ್ಕು ಸಂಪುಟಗಳು ಮೂಲದಲ್ಲಿ ಮರಾಠಿಯವೇ, ಅದೂ ಗುರುಶಿಷ್ಯರ ಪ್ರಶ್ನೋತ್ತರದ ರೂಪದಲ್ಲಿ. ಅರ್ಜಿ ಹಾಕುವ ಮೊದಲು ಅದರಲ್ಲಿ ಒಂದು ರಾಗದ ಚರ್ಚೆ ಓದಿ ನೋಡಿ. ಭೂಪದಿಂದಲೇ ಶುರುಮಾಡಬಹುದು.