ಮನೆಗೊಂದು ಸರ್ವರ್
(ಬಾನುಲಿ ಭಾಷಣ)

ಸರ್ವರ್ ಎಂಬ ಇಂಗ್ಲಿಷ್ ಶಬ್ದಕ್ಕೆ ನಮ್ಮ ಊರುಗಳಲ್ಲಿ ಮೊದಲು ದೊರೆತ ಅರ್ಥ, ಹೋಟೆಲಿನಲ್ಲಿ ದೋಸೆ ಕಾಫಿ ತಂದಿಡುವವನು ಎಂಬುದು. ಎರಡನೆಯ ಅರ್ಥ ಬಂದದ್ದು ಈಚೆಗೆ, ಅದೂ ಸರ್ಕಾರಿ ಕಚೇರಿಗಳ ಕಿಟಕಿಯಿಂದ. ಪಹಣಿಗಾಗಿ ಹೋದವರಿಗೆ, ಪಡಿತರಕ್ಕೆಂದು ಬೆರಳೊತ್ತಲು ಸರತಿಯಲ್ಲಿ ನಿಂತವರಿಗೆ, "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಮಾತು ಚಿರಪರಿಚಿತ. ಹೀಗಾಗಿ ಸರ್ವರ್ ಎಂದರೆ ಎಲ್ಲೋ ದೂರದಲ್ಲಿದ್ದುಕೊಂಡು ಮಳೆರಾಯನಂತೆ ಮನಸ್ಸು ಬಂದಾಗ ಬರುವ, ಮುನಿದಾಗ ಮರೆಯಾಗುವ ಒಂದು ಶಕ್ತಿ ಎಂಬ ಭಾವನೆ ಜನರಲ್ಲಿ ಬೇರೂರಿದೆ. ನಾನು ಇಂದು ಹೇಳಹೊರಟಿರುವುದು ಆ ಶಕ್ತಿಯನ್ನು ಮನೆಯ ಅಟ್ಟದ ಮೇಲೆ ತಂದು ಕೂರಿಸಿಕೊಳ್ಳುವ ಹವ್ಯಾಸದ ವಿಚಾರ.

ನಿಜವಾಗಿ ನೋಡಿದರೆ ಹೋಟೆಲಿನ ಅರ್ಥವೇ ವಿಷಯಕ್ಕೆ ಹತ್ತಿರವಾದದ್ದು. ಕೇಳಿದವರಿಗೆ ಕೇಳಿದ್ದನ್ನು ತಂದುಕೊಡಲು ಹಗಲಿರುಳೂ ಎಚ್ಚರವಾಗಿರುವ ಕಂಪ್ಯೂಟರೇ ಸರ್ವರ್. ಅದಕ್ಕೆ ವಿಶೇಷವಾದ ಜಾತಿಯಿಲ್ಲ, ಆಕಾರವಿಲ್ಲ. ಜಗತ್ತಿನ ಮೊತ್ತಮೊದಲ ವೆಬ್ ಸರ್ವರ್ 1990ರ ಕೊನೆಯಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಅವರ ಕೋಣೆಯಲ್ಲಿದ್ದ ಸಾಧಾರಣ ಗಾತ್ರದ ಒಂದು ಯಂತ್ರ. ಯಾರಾದರೂ ತಿಳಿಯದೆ ಸ್ವಿಚ್ಚು ಆರಿಸಿಯಾರು ಎಂಬ ಭಯದಿಂದ, ಇದು ಸರ್ವರ್, ಆರಿಸಕೂಡದು ಎಂಬರ್ಥದ ಕೈಬರಹದ ಚೀಟಿಯೊಂದನ್ನು ಅದಕ್ಕೆ ಅಂಟಿಸಿದ್ದರು. ಇಂದು ಕೋಟ್ಯಂತರ ಜನರ ಬಾಳನ್ನು ಆವರಿಸಿರುವ ಜಾಲವು ಒಂದು ಚೀಟಿಯ ರಕ್ಷಣೆಯಲ್ಲಿತ್ತು!

ನನ್ನ ಸರ್ವರಿಗೂ ಅಂಥ ಚೀಟಿಯಿದೆ, ಅದು ಕನ್ನಡದಲ್ಲಿದೆ. ಬೆಂಗಳೂರಿನ ಎಸ್. ಪಿ. ರಸ್ತೆಯಲ್ಲಿ ಕೊಂಡ, ಪರದೆ ಒಡೆದ ಹಳೆಯ ಲ್ಯಾಪ್‌ಟಾಪ್ ಅದು. ಪರದೆ ಇಲ್ಲದ್ದರಿಂದ ಅಗ್ಗವಾಗಿ ಬಂತು. ಸರ್ವರಿಗೆ ಪರದೆಯ ಅಗತ್ಯವೂ ಇಲ್ಲ. ಅದರ ಬ್ಯಾಟರಿ ಇನ್ನೂ ಗಟ್ಟಿಯಾಗಿರುವುದರಿಂದ ಕರೆಂಟು ಹೋದರೂ ಅದು ಒಡನೆ ಕಣ್ಣು ಮುಚ್ಚುವುದಿಲ್ಲ. ಸರಾಸರಿ ಹತ್ತು ವಾಟ್ ವಿದ್ಯುತ್ತನ್ನು ಬಳಸುತ್ತದೆ ಎಂದಿಟ್ಟುಕೊಂಡರೂ ತಿಂಗಳಿಗೆ ಏಳು ಯೂನಿಟ್ಟುಗಳಿಗಿಂತ ಸ್ವಲ್ಪ ಹೆಚ್ಚು. ಅದರಲ್ಲಿ ಡೆಬಿಯನ್ ಎಂಬ ಉಚಿತ ತಂತ್ರಾಂಶವನ್ನೂ, ಅದರ ಮೇಲೆ ಕಡತಗಳನ್ನೂ ಚಿತ್ರಗಳನ್ನೂ ಕಾಪಿಡುವ ನೆಕ್ಸ್ಟ್‌ಕ್ಲೌಡ್ ಎಂಬ ಮತ್ತೊಂದನ್ನೂ ಅಳವಡಿಸಿದ್ದೇನೆ. ನಮ್ಮ ತಂದೆಯವರು ಬರೆದ ಕಾಗದಗಳ ಪಡಿಯಚ್ಚು, ಮದುವೆ ಮುಂಜಿಗಳ ಚಿತ್ರಗಳು, ಮನೆಯವರ ರಕ್ತಪರೀಕ್ಷೆಯ ವರದಿಗಳು, ಅಜ್ಜಿಯ ಧ್ವನಿಯಲ್ಲಿರುವ ಹತ್ತಾರು ಹಾಡುಗಳು ಎಲ್ಲವೂ ಅಲ್ಲಿವೆ. ಹಿಂದೆ ಇವು ಕಬ್ಬಿಣದ ಟ್ರಂಕಿನಲ್ಲಿರುತ್ತಿದ್ದವು.

ಇಷ್ಟಕ್ಕೆಲ್ಲ ದೊಡ್ಡ ಕಂಪನಿಗಳು ಪುಕ್ಕಟೆಯಾಗಿ ಜಾಗ ಕೊಡುತ್ತಿರುವಾಗ ಈ ತಾಪತ್ರಯವೇಕೆ ಎಂದು ಸ್ನೇಹಿತರು ಕೇಳುತ್ತಾರೆ. ಪುಕ್ಕಟೆ ಎಂಬುದರ ಆಯುಸ್ಸು ಎಷ್ಟೆಂಬುದನ್ನು ನಾವು ಕಂಡಿದ್ದೇವೆ. ನಮ್ಮ ಯುವಕರು ಒಂದು ಕಾಲದಲ್ಲಿ ಮುಗಿಬಿದ್ದಿದ್ದ ಆರ್ಕುಟ್ ತಾಣವು 2014ರ ಸೆಪ್ಟೆಂಬರ್ 30ರಂದು ಬಾಗಿಲು ಹಾಕಿತು. ಮಿತಿಯಿಲ್ಲದೆ ಚಿತ್ರಗಳನ್ನು ಇಟ್ಟುಕೊಳ್ಳಲು ಗೂಗಲ್ ಕೊಟ್ಟಿದ್ದ ಉಚಿತ ಸೌಕರ್ಯ 2021ರ ಜೂನ್ 1ಕ್ಕೆ ಕೊನೆಗೊಂಡಿತು. ಇವು ಸಾರಿ ಹೇಳಿ ಮಾಡಿದ ಬದಲಾವಣೆಗಳು. ಅದರಲ್ಲಿ ಮೋಸವೇನೂ ಇಲ್ಲ. ಬಾಡಿಗೆಯಿಲ್ಲದೆ ಇದ್ದವರನ್ನು ಮನೆಯ ಒಡೆಯ ಎಬ್ಬಿಸಿದರೆ ದೂರುವಂತಿಲ್ಲವಷ್ಟೆ.

ಸದ್ದಿಲ್ಲದೆ ನಡೆಯುವ ಕಳವಳದ ಸಂಗತಿ ಬೇರೊಂದಿದೆ. ನನ್ನ ಮಿತ್ರರೊಬ್ಬರ ತಾಯಿ ಸೋಬಾನೆ ಹಾಡುಗಳನ್ನು ಬಲ್ಲವರು. ಕೊನೆಯ ಎರಡು ವರ್ಷ ಅವರು ತಮ್ಮ ಫೋನಿನಲ್ಲಿಯೇ ಒಂದೊಂದಾಗಿ ಅವನ್ನು ಹಾಡಿ ತುಂಬಿಸಿದರು. ಅವು ತಾವಾಗಿಯೇ ಕಂಪನಿಯೊಂದರ ಉಗ್ರಾಣಕ್ಕೆ ಹೋಗಿ ಸೇರುತ್ತಿದ್ದವು. ಅವರು ತೀರಿಕೊಂಡ ಮೇಲೆ ದುಃಖದಲ್ಲಿದ್ದ ಮನೆಯವರಿಗೆ ಆ ಫೋನಿಗೆ ಹಣ ತುಂಬುವ ನೆನಪು ಎಲ್ಲಿಂದ ಬರಬೇಕು? ತೊಂಬತ್ತು ದಿನ ಬಳಕೆಯಿಲ್ಲದ ಸಂಖ್ಯೆಯನ್ನು ದೂರವಾಣಿ ಕಂಪನಿಗಳು ಹಿಂದಕ್ಕೆ ಪಡೆಯಬಹುದು. ಹಾಗೆಯೇ ಆಯಿತು. ಫೋನೂ ಕೆಟ್ಟಿತು. ಮಗ ಖಾತೆಯನ್ನು ತೆರೆಯಹೋದಾಗ, ನಿಮ್ಮ ಸಂಖ್ಯೆಗೆ ಓಟಿಪಿ ಕಳುಹಿಸಿದ್ದೇವೆ ಎಂಬ ವಿನಯಪೂರ್ವಕವಾದ ಉತ್ತರ ಬಂತು. ಅದು ಯಾವ ಊರಿನ ಯಾರ ಕೈಯಲ್ಲಿರುವ ಸಂಖ್ಯೆಗೆ ಹೋಯಿತೋ! ಪತ್ರ ಬರೆದರೆ ಯಂತ್ರವೇ ಉತ್ತರಿಸಿತು. ಹಾಡುಗಳು ನಾಶವಾಗಿಲ್ಲ, ಎಲ್ಲೋ ಇವೆ. ಮಗನಿಗೆ ಮಾತ್ರ ಅವು ಇಲ್ಲ.

ಬಚ್ಚಿಡುವಂಥದ್ದು ಅವುಗಳಲ್ಲಿ ಏನೂ ಇರಲಿಲ್ಲ. ಆದುದರಿಂದಲೇ, ಖಾಸಗಿತನವೆಂದರೆ ಗುಟ್ಟು ಎಂದು ತಿಳಿಯುವುದು ನನಗೆ ಒಪ್ಪಿಗೆಯಾಗದು. ಫಾರಸಿ ಮರಾಠಿಗಳ ಹಾದಿಯಲ್ಲಿ ನಮ್ಮಲ್ಲಿಗೆ ಬಂದ ಈ ಖಾಸಗಿ ಎಂಬ ಮಾತು ಮೂಲದಲ್ಲಿ ಅರಸರ ಸ್ವಂತ ಸೊತ್ತಿಗೆ ಸಲ್ಲುತ್ತಿದ್ದದ್ದು. ಯಾವುದರ ಮೇಲೆ ತನ್ನ ಅಧಿಕಾರವೇ ಕೊನೆಯದೋ ಅದು ಖಾಸಗಿ. ಅರಸರಿಗಿದ್ದುದು ಪ್ರಜೆಗಳೆಲ್ಲರಿಗೂ ಉಂಟೆಂದು ಕೇಳಿದವರಲ್ಲಿ ನಮ್ಮ ನಾಡಿನವರೊಬ್ಬರು ಮುಖ್ಯರು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ ಅವರಿಗೆ ಎಂಬತ್ತಾರು ವರ್ಷ. ಆ ವಾದದಿಂದ ಎದ್ದ ಪ್ರಶ್ನೆಗೆ 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಒಮ್ಮತದಿಂದ ಉತ್ತರವಿತ್ತರು: ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ದತ್ತಾಂಶ ಸಂರಕ್ಷಣೆಯ ಕಾಯಿದೆಯೊಂದು 2023ರಲ್ಲಿ ಅಂಗೀಕೃತವಾಯಿತು. ಹಕ್ಕು ನ್ಯಾಯಾಲಯದಿಂದ ದೊರೆಯುತ್ತದೆ, ಸರಿ. ಅದನ್ನು ಇರಿಸಿಕೊಳ್ಳಲು ಒಂದು ಮನೆ ಬೇಡವೆ?

ಮನೆಯಿದೆ. ಅದಕ್ಕೆ ಬಾಗಿಲಿಲ್ಲ. ಇದು ಕೊಂಚ ಬಿಡಿಸಿ ಹೇಳಬೇಕಾದ ಸಂಗತಿ.

ಅಂತರಜಾಲದಲ್ಲಿ ಪ್ರತಿಯೊಂದು ಯಂತ್ರಕ್ಕೂ ಒಂದು ಸಂಖ್ಯೆ ವಿಳಾಸವಾಗಿರಬೇಕು. ಆ ವ್ಯವಸ್ಥೆಯನ್ನು ರೂಪಿಸಿದವರು ಸುಮಾರು 429 ಕೋಟಿ ವಿಳಾಸಗಳಿಗೆ ಮಾತ್ರ ಎಡೆ ಮಾಡಿದರು. ಕೆಲವು ವಿಶ್ವವಿದ್ಯಾಲಯಗಳ ಕಂಪ್ಯೂಟರುಗಳನ್ನು ಜೋಡಿಸುತ್ತಿದ್ದವರಿಗೆ ಅದು ಅಕ್ಷಯಪಾತ್ರೆಯಾಗಿ ಕಂಡದ್ದು ಸಹಜ. ಜಾಗತಿಕ ಭಂಡಾರದಲ್ಲಿ ಉಳಿದಿದ್ದ ಕೊನೆಯ ಕಂತುಗಳನ್ನು 2011ರ ಫೆಬ್ರವರಿಯಲ್ಲಿ ಹಂಚಿ ಮುಗಿಸಿದರು. ನಮ್ಮ ದೇಶದ ಸಾಮಾನ್ಯರ ಮನೆಗಳಿಗೆ ಜಾಲವು ಪ್ರವಾಹದಂತೆ ಹರಿದುಬಂದದ್ದು ಆಮೇಲೆ. ಬಡಿಸುವವನ ಪಾತ್ರೆ ಬರಿದಾದ ಮೇಲೆ ಪಂಕ್ತಿಗೆ ಕುಳಿತವರು ನಾವು.

ಹೀಗಾಗಿ ಕಂಪನಿಗಳು ಒಂದು ಉಪಾಯ ಮಾಡಿವೆ. ಹಳೆಯ ಬೆಂಗಳೂರು ಮೈಸೂರುಗಳ ವಠಾರಗಳನ್ನು ನೆನೆದುಕೊಳ್ಳಿ. ಇಪ್ಪತ್ತು ಸಂಸಾರ, ಬೀದಿಗೆ ಒಂದೇ ಹೆಬ್ಬಾಗಿಲು, ಒಂದೇ ನಂಬರು. ವಠಾರದ ಒಳಗಿನವರು ಹೊರಗೆ ಕಾಗದ ಬರೆದಾಗ ಹೆಬ್ಬಾಗಿಲಿನ ಕಾವಲುಗಾರ ತನ್ನ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ಉತ್ತರ ಬಂದಾಗ ಗುರುತು ನೋಡಿ ಅವರಿಗೆ ಮುಟ್ಟಿಸುತ್ತಾನೆ. ಇದರಲ್ಲಿ ಯಾರಿಗೂ ತೊಂದರೆಯಿಲ್ಲ. ಆದರೆ ಯಾರೂ ಬರೆಯದೆ ತಾನಾಗಿ ಬಂದ ಕಾಗದ? ಅದರ ಮೇಲೆ ವಠಾರದ ನಂಬರು ಮಾತ್ರವಿದೆ, ಯಾವ ಸಂಸಾರಕ್ಕೆ ಎಂಬುದಿಲ್ಲ. ಕಾವಲುಗಾರ ಅದನ್ನು ಎಸೆಯುತ್ತಾನೆ. ಇಂದು ನಮ್ಮಲ್ಲಿ ಎಷ್ಟೋ ಮನೆಗಳ ಸಂಪರ್ಕ ಈ ಬಗೆಯದು. ಹೊರಗಿನದನ್ನು ಕೇಳಿ ತರಿಸಿಕೊಳ್ಳಬಹುದು, ನೋಡಬಹುದು, ಕೊಳ್ಳಬಹುದು. ಹೊರಗಿನವರು ನಮ್ಮ ಮನೆಯ ಕದ ತಟ್ಟುವಂತಿಲ್ಲ. ಮೈಸೂರಿನಲ್ಲಿರುವ ನನ್ನ ಮಗಳಿಗೆ ಶಿವಮೊಗ್ಗೆಯ ಅಟ್ಟದ ಮೇಲಿರುವ ಅವಳ ಅಜ್ಜಿಯ ಹಾಡು ಸಿಗುವುದಿಲ್ಲ. ಕ್ಯಾಲಿಫೋರ್ನಿಯದ ಕಂಪನಿಯೊಂದು ಎಲ್ಲೋ ಇಟ್ಟುಕೊಂಡಿರುವ ಹಾಡು ತಟಕ್ಕನೆ ಸಿಗುತ್ತದೆ. ಈ ಮಾತನ್ನು ತಮಗೆ ಮುಟ್ಟಿಸುವ ರೇಡಿಯೊ ಮೊದಲಿನಿಂದಲೂ ಒಂದೇ ದಿಕ್ಕಿನದು, ಅದನ್ನು ಅದೇನೂ ಮುಚ್ಚಿಡುವುದಿಲ್ಲ. ಎಲ್ಲರೂ ಎಲ್ಲರೊಡನೆ ಮಾತಾಡಲೆಂದು ಹುಟ್ಟಿದ ಜಾಲ ಹೀಗೆ ಒಕ್ಕಣ್ಣಾದದ್ದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಇದಕ್ಕೆ ಪರಿಹಾರಗಳುಂಟು. ಹೆಚ್ಚಿನ ಹಣ ತೆತ್ತರೆ ಕೆಲವು ಕಂಪನಿಗಳು ಸ್ವಂತ ವಿಳಾಸವನ್ನು ಕೊಡುತ್ತವೆ. ಎಣಿಕೆಗೆ ನಿಲುಕದಷ್ಟು ವಿಳಾಸಗಳಿರುವ ಹೊಸ ವ್ಯವಸ್ಥೆಯೂ ಹರಡುತ್ತಿದೆ. ಐಪಿವಿ6 ಎಂದು ಅದರ ಹೆಸರು. 2016ರಲ್ಲಿ ಜಿಯೊ ಬಂದ ಅನಂತರ ಭಾರತದಲ್ಲಿ ಅದು ವೇಗವಾಗಿ ಬೆಳೆಯಿತು. ನಾನು ಹಿಡಿದದ್ದು ಮೂರನೆಯ ದಾರಿ. ಬೇರೆಡೆ ಬಾಡಿಗೆಗೆ ಹಿಡಿದ ಒಂದು ಚಿಕ್ಕ ಯಂತ್ರಕ್ಕೆ ಮನೆಯ ಯಂತ್ರವೇ ಒಳಗಿನಿಂದ ಕರೆ ಮಾಡಿ, ಆ ಕರೆಯನ್ನು ಕಡಿಯದೆ ಹಿಡಿದಿರುತ್ತದೆ. ಮಗಳು ಆ ಚಿಕ್ಕ ಯಂತ್ರವನ್ನು ಕರೆದರೆ ಆಕೆಯ ಮಾತು ಅದೇ ಸುರಂಗದಲ್ಲಿ ಮನೆಗೆ ಬರುತ್ತದೆ. ವೈರ್‌ಗಾರ್ಡ್ ಎಂಬ ತಂತ್ರಾಂಶ ಈ ಸುರಂಗವನ್ನು ಕೊರೆಯುತ್ತದೆ. 2020ರಿಂದ ಅದು ಲಿನಕ್ಸಿನ ಒಡಲಲ್ಲೇ ಸೇರಿದೆ. ಬಾಡಿಗೆಯ ಯಂತ್ರದ ಒಡೆಯನಿಗೆ ಸುರಂಗದೊಳಗಿನ ಮಾತು ಕೇಳಿಸದಂತೆ ಬೀಗಮುದ್ರೆಯ ಏರ್ಪಾಟು ಮಾಡಿಕೊಳ್ಳಬೇಕು. ನಾನು ಬಿಚ್ಚುವ ಕೀಲಿಯನ್ನು ಮನೆಯಲ್ಲಿಯೇ ಇರಿಸಿದ್ದೇನೆ. ಮೊದಲು ಸ್ವಂತ ವಿಳಾಸ ಪಡೆದು ಬಾಗಿಲನ್ನು ನೇರವಾಗಿ ಬೀದಿಗೇ ತೆರೆದು ನೋಡಿದ್ದುಂಟು. ಕೆಲವೇ ನಿಮಿಷಗಳಲ್ಲಿ ಕಂಡು ಕೇಳರಿಯದ ದೇಶಗಳಿಂದ ಕದ ತಟ್ಟುವ ಸದ್ದು. ರೂಟ್, ಅಡ್ಮಿನ್ ಎಂದು ಹೆಸರು ಹೇಳಿಕೊಂಡು, ಊಹಿಸಿದ ಗುಪ್ತಪದಗಳನ್ನು ಒಂದಾದ ಮೇಲೊಂದರಂತೆ ಒತ್ತಿ ನೋಡುವ ಯಂತ್ರಗಳು ಅವು. ಅವಕ್ಕೆ ನಿದ್ರೆಯಿಲ್ಲ, ನಾಚಿಕೆಯಂತೂ ಮೊದಲೇ ಇಲ್ಲ.

ಮನೆಯ ಸರ್ವರಿನಿಂದ ಎಲ್ಲ ಕಣ್ಣುಗಳಿಂದಲೂ ಪಾರಾದೆವೆಂದು ಯಾರೂ ಭಾವಿಸಬಾರದು. ಇಂದು ಜಾಲತಾಣಗಳೊಡನೆ ನಡೆಯುವ ವ್ಯವಹಾರ ಬಹುಪಾಲು ಅಂಟಿಸಿದ ಲಕೋಟೆಯಲ್ಲಿ ಸಾಗುತ್ತದೆ, ಬರಿಯ ಕಾರ್ಡಿನಲ್ಲಲ್ಲ. ಆದರೂ ಅಂಚೆಯವನಿಗೆ ಲಕೋಟೆ ಯಾವ ವಿಳಾಸಕ್ಕೆ ಎಂಬುದು ತಿಳಿದೇ ತಿಳಿಯುತ್ತದೆ. ನಾನು ಯಾವ ತಾಣಕ್ಕೆ ಎಷ್ಟು ಹೊತ್ತಿಗೆ ಹೋದೆನೆಂಬುದನ್ನು ಸಂಪರ್ಕ ಕೊಟ್ಟ ಕಂಪನಿಯು ಸಾಮಾನ್ಯವಾಗಿ ಅರಿಯಬಲ್ಲುದು. ಜೇಬಿನಲ್ಲಿರುವ ಫೋನು ನಾನಿರುವ ತಾಣವನ್ನು ಹೇಳುತ್ತಲೇ ಇರುತ್ತದೆ. ಮಿಂಚಂಚೆಯನ್ನಂತೂ ಮನೆಯಲ್ಲಿ ಇಟ್ಟುಕೊಳ್ಳುವ ಗೋಜಿಗೇ ನಾನು ಹೋಗಿಲ್ಲ. ಮನೆಯ ಸಂಪರ್ಕದಿಂದ ನೇರವಾಗಿ ಹೊರಟ ಅಂಚೆಯನ್ನು ದೊಡ್ಡ ಅಂಚೆಮನೆಗಳು ಕಸವೆಂದೇ ಎಣಿಸುತ್ತವೆ.

ಇವೆಲ್ಲ ಹೊರಗಿನ ಕಣ್ಣುಗಳಾದವು. ನನ್ನನ್ನು ನಿಜವಾಗಿ ಯೋಚನೆಗೀಡುಮಾಡಿದ ಪ್ರಶ್ನೆ ಅಡಿಗೆಮನೆಯಿಂದ ಬಂತು. "ಕಂಪನಿಯವರು ನೋಡುತ್ತಾರೆಂದು ನಿಮ್ಮ ಪೆಟ್ಟಿಗೆಯಲ್ಲಿ ಇಡು ಎನ್ನುತ್ತೀರಿ. ಅಲ್ಲಿಟ್ಟರೆ ನೀವು ನೋಡುವುದಿಲ್ಲವೇನು?" ಎಂದರು ನನ್ನ ಹೆಂಡತಿ. ಸರ್ವರನ್ನು ನಡೆಸುವವನಿಗೆ ಇಂಗ್ಲಿಷಿನಲ್ಲಿ ಅಡ್ಮಿನಿಸ್ಟ್ರೇಟರ್ ಎಂಬ ಪದವಿದೆ. ಕನ್ನಡದಲ್ಲಿ ಅದಕ್ಕೆ ಸರಿಯಾದ ಮಾತು ಯಜಮಾನ. ಅವನು ಮನಸ್ಸು ಮಾಡಿದರೆ ಯಾರ ಕಡತವನ್ನಾದರೂ ತೆರೆಯಬಲ್ಲ. ಸಾವಿರಾರು ಮೈಲಿ ದೂರದ ಕಂಪನಿಗೆ ನಮ್ಮ ಸೊಸೆ ತನ್ನ ತೌರಿಗೆ ಏನು ಬರೆದಳೆಂಬುದರಲ್ಲಿ ಆಸಕ್ತಿಯಿಲ್ಲ. ಮಾವನಿಗೆ ಇದ್ದರೂ ಇರಬಹುದು. ಕೂಡುಕುಟುಂಬಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊರಗಿನವರ ನಿರ್ಲಿಪ್ತವಾದ ಕಣ್ಣಿಗಿಂತ ಒಳಗಿನವರ ಅಕ್ಕರೆಯ ಕಣ್ಣು ಎಷ್ಟೋ ಸಲ ಹೆಚ್ಚು ಭಾರವಾದದ್ದು.

ಈಗ ನಮ್ಮ ಮನೆಯಲ್ಲಿರುವ ಕ್ರಮವೇನೆಂದರೆ, ಪ್ರತಿಯೊಬ್ಬರೂ ತಮ್ಮ ಕಡತಗಳನ್ನು ತಮ್ಮ ತಮ್ಮ ಯಂತ್ರದಲ್ಲಿಯೇ ಸಂಕೇತಲಿಪಿಗೆ ತಿರುಗಿಸಿ ಅಟ್ಟಕ್ಕೆ ಕಳುಹಿಸುತ್ತಾರೆ. ಕೀಲಿ ಅವರ ಬಳಿಯಲ್ಲಿಯೇ ಇರುತ್ತದೆ. ಸರ್ವರಿಗೆ ಕಾಣುವುದು ಅರ್ಥವಿಲ್ಲದ ಅಕ್ಷರಗಳ ರಾಶಿ. ಕೀಲಿ ಕಳೆದುಕೊಂಡರೆ ನಾನಲ್ಲ, ಯಾರೂ ತೆರೆದುಕೊಡಲಾರರು. ಹಾಡುಗಳೂ ಮದುವೆಯ ಚಿತ್ರಗಳೂ ಮಾತ್ರ ಬೀಗವಿಲ್ಲದೆ ಎಲ್ಲರಿಗೂ ಸೇರಿದ ಕೋಣೆಯಲ್ಲಿವೆ.

ಯಂತ್ರ ಕೆಟ್ಟರೆ? ಕೆಟ್ಟೇ ಕೆಡುತ್ತದೆ. ಡಿಸ್ಕುಗಳಿಗೆ ತಾಳೆಗರಿಯ ಆಯುಸ್ಸಿಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂದು ನಾವು ಕೊಂಡಾಡುವ ಅತ್ತಿಮಬ್ಬೆ ಹತ್ತನೆಯ ಶತಮಾನದಲ್ಲಿಯೇ ಈ ಶಾಸ್ತ್ರದ ಸಾರವನ್ನು ಅರಿತಿದ್ದಳು. ಒಂದೇ ಪ್ರತಿಯೆಂದರೆ ಇಲ್ಲವೆಂದೇ ಲೆಕ್ಕ. ನನ್ನದು ಸಾವಿರವಲ್ಲ, ಮೂರು: ಅಟ್ಟದಲ್ಲಿ ಒಂದು, ಬೀರುವಿನಲ್ಲಿರುವ ಡಿಸ್ಕಿನಲ್ಲಿ ಒಂದು, ಮೈಸೂರಿನ ಮಗಳ ಮನೆಯಲ್ಲಿ ಒಂದು. ಪ್ರತಿ ಯುಗಾದಿಗೆ ಮೂರನ್ನೂ ತೆರೆದು, ಓದಲು ಬರುತ್ತವೆಯೆ ಎಂದು ನೋಡುತ್ತೇನೆ.

ನಾನೇ ಇಲ್ಲವಾದರೆ ಎಂಬ ಪ್ರಶ್ನೆ ಉಳಿಯುತ್ತದೆ. ಮಿತ್ರರ ತಾಯಿಯ ಹಾಡುಗಳಿಗೆ ಒದಗಿದ ಗತಿ ನನ್ನ ಅಟ್ಟಕ್ಕೂ ಒದಗಬಾರದಲ್ಲ. ಎಲ್ಲರಿಗೂ ಸೇರಿದ ಕೋಣೆಯನ್ನು ತೆರೆಯುವ ಬಗೆ, ಬಾಡಿಗೆ ಯಂತ್ರಕ್ಕೆ ಹಣ ಕಟ್ಟುವ ದಿನಾಂಕ, ಅದು ಬೇಡವೆನಿಸಿದರೆ ಎಲ್ಲವನ್ನೂ ಒಂದು ಸಾಧಾರಣ ಡಿಸ್ಕಿಗೆ ಇಳಿಸಿ ಸರ್ವರನ್ನು ಆರಿಸುವ ಕ್ರಮ ಇಷ್ಟನ್ನೂ ಸುಲಭವಾದ ಕನ್ನಡದಲ್ಲಿ ಒಂದು ನೂರು ಪುಟದ ನೋಟುಪುಸ್ತಕದಲ್ಲಿ ಬರೆದು, ಬೀರುವಿನಲ್ಲಿ ಜೀವವಿಮೆಯ ಪತ್ರಗಳ ಜೊತೆಗೆ ಇಟ್ಟಿದ್ದೇನೆ. ಕಳೆದ ತಿಂಗಳು ನಾನು ಊರಲ್ಲಿಲ್ಲದಾಗ ಸಿಡಿಲು ಬಡಿದು ರೂಟರು ಸುಟ್ಟಿತು. ನನ್ನ ಹೆಂಡತಿ ಆ ಪುಸ್ತಕವನ್ನು ತೆಗೆದು, ಹೊಸ ರೂಟರನ್ನು ತರಿಸಿ, ಸಂಜೆಯೊಳಗಾಗಿ ಎಲ್ಲವನ್ನೂ ಮೊದಲಿನಂತೆ ನಡೆಸಿದ್ದರು. ಏಳನೆಯ ಪುಟದಲ್ಲಿ ಒಂದು ವಾಕ್ಯ ಅರ್ಥವಾಗಲಿಲ್ಲವೆಂದು ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ತಾವೇ ಅದನ್ನು ತಿದ್ದಿ ಬರೆದಿದ್ದಾರೆ.